ಮನೆಮುಂದಿನ ಹುಲ್ಲುಹಾಸು: ನೀರು, ಮಷೀನು, ಕೆಮ್ಮಣ್ಣು

ಬೆಂಗಳೂರು, ಮೈಸೂರಿನ ಕಡೆ ಮನೆಮುಂದೆ ಹತ್ತಡಿಗೆ ಹತ್ತಡಿ ಜಾಗ ಉಳಿದರೂ ಸಾಕು, ಅಲ್ಲೊಂದು ಲಾನ್ ಬೇಕು ಅನ್ನಿಸುತ್ತದೆ. ಮೊದಲ ವರ್ಷ ಜಮಖಾನ ಹಾಸಿದ ಹಾಗಿರುತ್ತದೆ. ಎರಡನೇ ಬೇಸಿಗೆಗೆ ಅಲ್ಲಲ್ಲಿ ಹಳದಿ, ಮೂರನೇ ಮಳೆಗಾಲಕ್ಕೆ ಹುಲ್ಲಿಗಿಂತ ಕೊನ್ನಾರಿ ಎಂಬ ಗಡ್ಡೆಕಳೆಯೇ ಜಾಸ್ತಿ. ಆಗ ಎಲ್ಲರೂ ಹುಲ್ಲಿನ ಜಾತಿಯನ್ನು ಬೈಯುತ್ತಾರೆ, ಪಾಪ ಅದರ ತಪ್ಪೇನೂ ಇರುವುದಿಲ್ಲ. ದಿನಾ ಸಂಜೆ ಚಿಮುಕಿಸುವ ನೀರು, ನೆಲ ಕಾಣುವಂತೆ ಬೋಳಿಸುವ ಮಷೀನು, ವರ್ಷಕ್ಕೊಮ್ಮೆ ಮೇಲೆ ಸುರಿಸುವ ಕೆಮ್ಮಣ್ಣು, ಕೆಡಿಸುವುದು ಈ ಮೂರು. ಇವನ್ನು ಸರಿಮಾಡಿಕೊಂಡರೆ ಮಾಲಿ ಇಲ್ಲದೆಯೂ ನಡೆಯುತ್ತದೆ. ಮುಂದೆ ಹೇಳುವ ಅಳತೆಗಳೆಲ್ಲ 100 ಚದರ ಅಡಿಗೆ. ನಿಮ್ಮ ಜಾಗ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಲೆಕ್ಕ ಹಾಕಿಕೊಳ್ಳಿ.

ನೀರಿನಿಂದಲೇ ಶುರು ಮಾಡೋಣ. ಬೇಸಿಗೆಯಲ್ಲಿ ಹುಲ್ಲಿಗೆ ವಾರಕ್ಕೆ ಸುಮಾರು ಒಂದು ಇಂಚು ನೀರು ಬೇಕು. ಅಂದರೆ 100 ಚದರ ಅಡಿಗೆ 235 ಲೀಟರ್, 15 ಲೀಟರಿನ ಬಕೆಟ್‌ನಲ್ಲಿ ಹದಿನಾರು ಬಕೆಟ್ಟು. ಇದನ್ನು ಏಳು ದಿನಕ್ಕೆ ಹಂಚಿ ದಿನಾ ಎರಡೆರಡು ಬಕೆಟ್ ಚಿಮುಕಿಸಿದರೆ ಮೇಲಿನ ಅರ್ಧ ಇಂಚು ಮಾತ್ರ ಒದ್ದೆಯಾಗಿ ಮಧ್ಯಾಹ್ನದೊಳಗೆ ಆರಿಹೋಗುತ್ತದೆ. ನೀರು ಇರುವಲ್ಲೇ ಬೇರೂ ಇರುತ್ತದೆ, ಹಾಗಾಗಿ ಬೇರು ಕೆಳಗಿಳಿಯುವುದೇ ಇಲ್ಲ. ಎರಡು ದಿನ ಊರಿಗೆ ಹೋಗಿ ಬಂದರೆ ಹುಲ್ಲು ಕರಕಲು. ಅದೇ ನೀರನ್ನು ವಾರಕ್ಕೆ ಎರಡೇ ಸಲ, ಸಲಕ್ಕೆ ಎಂಟು ಬಕೆಟ್ಟಿನಂತೆ ಕೊಡಿ. ಪೈಪಿನಲ್ಲಿ ಬಿಡುವವರು ಮೊದಲು ಖಾಲಿ ಬಕೆಟ್ ಇಟ್ಟು ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿಕೊಳ್ಳಿ. ಒಂದು ನಿಮಿಷಕ್ಕೆ ತುಂಬಿದರೆ ಎಂಟು ನಿಮಿಷ ಬಿಟ್ಟರಾಯಿತು. ನೀರು ಹರಿದು ರಸ್ತೆಗೆ ಹೋಗುವಂತಿದ್ದರೆ ನಾಲ್ಕು ನಿಮಿಷ ಬಿಟ್ಟು, ಅರ್ಧ ಗಂಟೆ ಇಂಗಲು ಕೊಟ್ಟು, ಮತ್ತೆ ನಾಲ್ಕು ನಿಮಿಷ ಬಿಡಿ. ಮಾರನೇ ದಿನ ಉದ್ದನೆಯ ಸ್ಕ್ರೂಡ್ರೈವರನ್ನು ನೆಲಕ್ಕೆ ಒತ್ತಿ ನೋಡಿ. ಐದಾರು ಇಂಚು ಸಲೀಸಾಗಿ ಇಳಿದರೆ ನೀರು ಸೇರಬೇಕಾದಲ್ಲಿ ಸೇರಿದೆ. ಎರಡು ಇಂಚಿಗೇ ತಡೆದರೆ ನೀರು ಸಾಲದು, ಇಲ್ಲವೇ ಕೆಳಗೆ ಮಣ್ಣು ಗಟ್ಟಿಯಾಗಿದೆ.

ಹುಲ್ಲಿಗೆ ಬಾಯಾರಿದೆಯೋ ಇಲ್ಲವೋ ತಿಳಿಯಲು ಅದರ ಮೇಲೆ ನಡೆದು ಹಿಂತಿರುಗಿ ನೋಡಿದರೆ ಸಾಕು. ಹೆಜ್ಜೆ ಗುರುತು ಹಾಗೇ ಉಳಿದು ಬಣ್ಣ ಸ್ವಲ್ಪ ಬೂದಿ ಕಡೆಗೆ ತಿರುಗಿದ್ದರೆ ಮಾರನೇ ಬೆಳಿಗ್ಗೆಯೇ ನೀರು ಕೊಡಿ. ಹುಲ್ಲು ತಕ್ಷಣ ಎದ್ದುನಿಂತರೆ ಇನ್ನೂ ಒಂದು ದಿನ ತಡೆಯುತ್ತದೆ. ನೀರು ಕೊಡುವ ಹೊತ್ತು ಬೆಳಿಗ್ಗೆ ಎಂಟರೊಳಗೆ. ಸಂಜೆ ಬಿಟ್ಟ ನೀರು ರಾತ್ರಿಯಿಡೀ ಎಲೆಯ ಮೇಲೆ ನಿಂತು ಬೂಷ್ಟಿಗೆ ದಾರಿ ಮಾಡಿಕೊಡುತ್ತದೆ. ಮಳೆಗಾಲದಲ್ಲಂತೂ ಇದು ಖಂಡಿತ.

ಯಾವ ನೀರು ಅನ್ನುವುದೂ ಅಷ್ಟೇ ಮುಖ್ಯ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಮೇಲೆ ಬಹಳ ಜನ ಬಳಸಿದ ನೀರಿನ ಕಡೆ ತಿರುಗಿದರು. ಒಳ್ಳೆಯದೇ, ಆದರೆ ಆರಿಸಿ ಬಳಸಬೇಕು. ತರಕಾರಿ, ಅಕ್ಕಿ ತೊಳೆದ ನೀರು ಧಾರಾಳವಾಗಿ ಹಾಕಿ. ವಾಷಿಂಗ್ ಮಷೀನಿನ ಮೊದಲ ಸುತ್ತಿನ ನೀರು ಬೇಡ, ಕೊನೆಯ ಜಾಲಾಡಿಸಿದ ನೀರನ್ನು ಆಗಾಗ ಕೊಟ್ಟರೆ ತೊಂದರೆಯಿಲ್ಲ. ಆರ್‌ಒ ಮಷೀನು ಹೊರಹಾಕುವ ನೀರಿನಲ್ಲಿ ಉಪ್ಪು ಹೆಚ್ಚು, ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಎಲ್ಲಕ್ಕಿಂತ ಕೆಟ್ಟದ್ದು ಸಾಫ್ಟನರ್ ನೀರು. ಬೋರ್‌ವೆಲ್ ನೀರಿನ ಗಡಸು ತೆಗೆಯಲು ಕೂರಿಸುವ ಸಾಫ್ಟನರ್ ಸುಣ್ಣದಂಶವನ್ನು ಹಿಡಿದುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಸೋಡಿಯಂ ಸೇರಿದ ಮಣ್ಣು ಒದ್ದೆಯಿದ್ದಾಗ ಬೆಣ್ಣೆ, ಒಣಗಿದಾಗ ಹೆಂಚು. ಗಡಸು ನೀರೇ ಹುಲ್ಲಿಗೆ ವಾಸಿ. ಪ್ಲಂಬರ್‌ಗೆ ಹೇಳಿ ಸಾಫ್ಟನರಿಗೆ ಮೊದಲೇ ತೋಟಕ್ಕೊಂದು ನಲ್ಲಿ ತೆಗೆಸಿ. ಈಗಾಗಲೇ ವರ್ಷಗಟ್ಟಲೆ ಆ ನೀರು ಹೋಗಿದ್ದರೆ ಮಳೆಗಾಲದ ಶುರುವಿಗೆ ಎರಡು ಕೆಜಿ ಜಿಪ್ಸಂ ಪುಡಿ ಎರಚಿ. ಮುಂದಿನ ಕೆಲಸ ಮಳೆ ಮಾಡುತ್ತದೆ.

ಇನ್ನು ಕತ್ತರಿಸುವುದು. ಮೊದಲು ನಿಮ್ಮದು ಯಾವ ಹುಲ್ಲು ಎಂದು ತಿಳಿದುಕೊಳ್ಳಿ. ಗಣೇಶನಿಗೆ ಏರಿಸುವ ಗರಿಕೆಯ ಜಾತಿಯವು ಬಿಸಿಲಿಗೂ ತುಳಿತಕ್ಕೂ ಗಟ್ಟಿ, ಒಂದರಿಂದ ಒಂದೂವರೆ ಇಂಚು ಎತ್ತರವಿದ್ದರೆ ಚೆನ್ನ. ನರ್ಸರಿಯವರು ಮೆಕ್ಸಿಕನ್, ಕೊರಿಯನ್ ಎಂದು ಮಾರುವ ಸಣ್ಣೆಲೆಯ ಹುಲ್ಲೂ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಒಗ್ಗುತ್ತದೆ. ಇದು ನಿಧಾನಕ್ಕೆ ಬೆಳೆಯುತ್ತದೆ, ಆದರೆ ಬಿಟ್ಟರೆ ದಿಂಬಿನಂತೆ ಉಬ್ಬಿಕೊಳ್ಳುತ್ತದೆ. ಅಗಲ ಎಲೆಯ ಬಫೆಲೋ ಹುಲ್ಲನ್ನು ಎರಡು ಇಂಚಿಗಿಂತ ಕೆಳಗೆ ಇಳಿಸಬೇಡಿ. ಹುಲ್ಲು ಯಾವುದೇ ಇರಲಿ, ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಕೂಡದು. 'ಬೋಳಿಸಿದರೆ ಹದಿನೈದು ದಿನ ನಿಶ್ಚಿಂತೆ' ಅನ್ನುವ ಲೆಕ್ಕ ಉಲ್ಟಾ ಹೊಡೆಯುತ್ತದೆ. ಎಲೆ ಹೋದಮೇಲೆ ಹುಲ್ಲು ಬೇರಿನಲ್ಲಿ ಕೂಡಿಟ್ಟದ್ದನ್ನೇ ಕರಗಿಸಿ ಚಿಗುರಬೇಕು, ಅಷ್ಟರಲ್ಲಿ ನೆಲಕ್ಕೆ ಬಿದ್ದ ಬಿಸಿಲಿಗೆ ಕಳೆಯ ಬೀಜಗಳೆಲ್ಲ ಮೊಳೆತಿರುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರ, ಹತ್ತು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕತ್ತರಿಸಿದರೆ ಸರಿಹೋಗುತ್ತದೆ. ಊರಿಗೆ ಹೋಗಿ ಬಂದು ನೋಡಿದಾಗ ಮೊಣಕಾಲೆತ್ತರ ಬೆಳೆದಿದ್ದರೆ ಒಂದೇ ಸಲಕ್ಕೆ ಇಳಿಸಬೇಡಿ, ನಾಲ್ಕೈದು ದಿನ ಬಿಟ್ಟುಬಿಟ್ಟು, ಸಲಕ್ಕೆ ಮೂರರಲ್ಲೊಂದು ಪಾಲಿನಂತೆ ಕಂತುಕಂತಾಗಿ ಇಳಿಸಿ.

ಸಣ್ಣ ಜಾಗಕ್ಕೆ ಕೈಯಲ್ಲಿ ತಳ್ಳುವ ಉರುಳೆ ಮಷೀನೇ ಸಾಕು, ಕರೆಂಟಿನ ರಗಳೆಯಿಲ್ಲ. ಆದರೆ ಅದರ ಅಲಗು ಮೊಂಡಾಗಿರಬಾರದು. ಕತ್ತರಿಸಿದ ಮಾರನೇ ದಿನ ಬಗ್ಗಿ ಎಲೆಯ ತುದಿ ನೋಡಿ. ನೇರವಾಗಿ ತುಂಡಾಗಿದ್ದರೆ ಅಲಗು ಸರಿಯಿದೆ. ನಾರುನಾರಾಗಿ ಹರಿದು ತುದಿ ಬಿಳಿಚಿಕೊಂಡಿದ್ದರೆ ಮಷೀನು ಹುಲ್ಲನ್ನು ಕತ್ತರಿಸಿಲ್ಲ, ಕಿತ್ತಿದೆ. ದೂರದಿಂದ ಇಡೀ ಲಾನ್ ಒಣಗಿದ ಹಾಗೆ ಕಾಣುವುದು ಇದಕ್ಕೇ, ಜನ ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುತ್ತಾರೆ. ಅಲಗು ಪರೀಕ್ಷಿಸಲು ಮಷೀನನ್ನು ತಲೆಕೆಳಗಾಗಿ ನಿಲ್ಲಿಸಿ, ಉರುಳೆಯ ಅಲಗಿಗೂ ಕೆಳಗಿನ ಅಡ್ಡಪಟ್ಟಿಗೂ ನಡುವೆ ದಿನಪತ್ರಿಕೆಯ ಚೂರು ಹಿಡಿದು ಉರುಳೆಯನ್ನು ನಿಧಾನಕ್ಕೆ ತಿರುಗಿಸಿ. ಬೆರಳು ದೂರವಿರಲಿ. ಉದ್ದಕ್ಕೂ ಕಾಗದ ಕಚಕ್ಕನೆ ತುಂಡಾಗಬೇಕು. ಒಂದು ಬದಿಯಲ್ಲಿ ಮಡಚಿಕೊಂಡರೆ ಆ ಬದಿಯ ತಿರುಪನ್ನು ಕಾಲು ಸುತ್ತು ಬಿಗಿಮಾಡಿ ಮತ್ತೆ ನೋಡಿ. ಎರಡೂ ಬದಿ ಸರಿಮಾಡಿದರೂ ಕತ್ತರಿಸದಿದ್ದರೆ ಸಾಣೆ ಹಿಡಿಸುವ ಕಾಲ ಬಂತು. ಹುಲ್ಲು ಒದ್ದೆಯಿದ್ದಾಗ ಮಷೀನು ಓಡಿಸಬೇಡಿ, ಕರೆಂಟಿನದಾದರೆ ಆ ಯೋಚನೆಯೇ ಬೇಡ. ಪ್ರತಿ ಸಲ ದಿಕ್ಕು ಬದಲಿಸಿ, ಇಲ್ಲದಿದ್ದರೆ ಹುಲ್ಲು ಒಂದೇ ಕಡೆ ವಾಲಿಕೊಳ್ಳುತ್ತದೆ. ಸಣ್ಣ ತುಣುಕುಗಳನ್ನು ಅಲ್ಲೇ ಬಿಟ್ಟರೆ ಗೊಬ್ಬರ, ಉದ್ದ ತುಣುಕು ಗುಡ್ಡೆ ಬಿದ್ದರೆ ಮಾತ್ರ ಗುಡಿಸಿ ಕಾಂಪೋಸ್ಟಿಗೆ ಹಾಕಿ.

ಕೆಮ್ಮಣ್ಣಿನ ಮಾತಿಗೆ ಬರೋಣ. ಚಳಿಗಾಲ ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರ 'ಮಣ್ಣು, ಗೊಬ್ಬರ ಹಾಕಿಸ್ತೀರಾ' ಎಂದು ಕೇಳಿಕೊಂಡು ಬರುತ್ತಾರೆ. ಬಾಂಡ್ಲಿಗಟ್ಟಲೆ ಕೆಂಪುಮಣ್ಣು, ಅರೆಬೆಂದ ಸಗಣಿ ಸೇರಿಸಿ ಒಂದು ಇಂಚು ಹರಡಿ ಹೋಗುತ್ತಾರೆ. ಹತ್ತು ವರ್ಷದಲ್ಲಿ ಲಾನ್ ಅರ್ಧ ಅಡಿಗೂ ಮೇಲೆ ಏರಿ, ನಡೆದಾಡುವ ಕಲ್ಲು ಹಳ್ಳದಲ್ಲಿ ಉಳಿದು, ಮಳೆನೀರು ಮನೆಯ ಗೋಡೆಗೆ ತಿರುಗಿ, ಒಳಗೋಡೆಯ ಬುಡದಲ್ಲಿ ಸುಣ್ಣ ಉದುರಲು ಶುರುವಾಗುತ್ತದೆ. ಅದಕ್ಕಿಂತ ದೊಡ್ಡ ಅನಾಹುತವೆಂದರೆ ಆ ಮಣ್ಣಿನ ಜೊತೆ ಬರುವ ಕೊನ್ನಾರಿ ಗಡ್ಡೆ. ಮೇಲುಮಣ್ಣು ಹಾಕಲೇಬೇಕೆಂದರೆ ಕಾಲು ಇಂಚು ಸಾಕು. ಅಷ್ಟಕ್ಕೆ ಬೇಕಾಗುವುದು ನಾಲ್ಕು ಬಕೆಟ್ ಮಿಶ್ರಣ: ಎರಡು ಪಾಲು ತೊಳೆದ ಮರಳು, ಒಂದು ಪಾಲು ಜರಡಿ ಹಿಡಿದ ಮಣ್ಣು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ. ಕ್ರಷರ್ ಧೂಳು ಬೆರೆತ ಮರಳು ತರಬೇಡಿ, ಅದು ನೀರು ಬಿದ್ದು ಗಾರೆಯಂತೆ ಕೂರುತ್ತದೆ. ಹರಡುವ ಮೊದಲು ಗಾರ್ಡನ್ ಫೋರ್ಕನ್ನು ನಾಲ್ಕು ಇಂಚು ಆಳಕ್ಕೆ, ನಾಲ್ಕು ಇಂಚಿಗೊಂದು ಕಡೆ ಚುಚ್ಚಿ ಸ್ವಲ್ಪ ಅಲುಗಿಸಿ ತೆಗೆಯಿರಿ. ಆಮೇಲೆ ಮಿಶ್ರಣ ಎರಚಿ ಕಡ್ಡಿ ಪೊರಕೆಯಿಂದ ತೂತುಗಳಿಗೆ ಇಳಿಯುವಂತೆ ಗುಡಿಸಿ. ಎಲೆಯ ತುದಿಗಳು ಮೇಲೆ ಕಾಣುತ್ತಿರಬೇಕು, ಮುಚ್ಚಿಹೋದರೆ ಹೆಚ್ಚಾಯಿತೆಂದು ಅರ್ಥ. ಇದಕ್ಕೆ ಒಳ್ಳೆಯ ಕಾಲ ಜೂನ್, ಮುಂಗಾರು ಹಿಡಿದಮೇಲೆ. ಮೆಕ್ಸಿಕನ್ ಹುಲ್ಲಿನ ಉಬ್ಬನ್ನು ಕಬ್ಬಿಣದ ಹಲ್ಲಿನ ರೇಕಿನಿಂದ ಬಾಚಿ ಒಣನಾರು ತೆಗೆಯುವುದೂ ಆಗಲೇ. ಏಪ್ರಿಲ್‌ನಲ್ಲಿ ಬಾಚಿದರೆ ಬಿಸಿಲು ಉಳಿದದ್ದನ್ನೂ ತಿನ್ನುತ್ತದೆ.

ಕೊನ್ನಾರಿಯನ್ನು ಗುರುತಿಸುವುದು ಸುಲಭ. ಕತ್ತರಿಸಿದ ಮೂರನೇ ದಿನಕ್ಕೆ ಮಿಕ್ಕ ಹುಲ್ಲಿಗಿಂತ ಎತ್ತರಕ್ಕೆ ತಲೆ ಎತ್ತಿ ಮಿರಮಿರ ಹೊಳೆಯುತ್ತಿರುತ್ತದೆ. ಅದು ಹೂಬಿಡುವ ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆ ಕೈಗೆ ಸಿಗುತ್ತದೆ. ಜಗ್ಗಿ ಕಿತ್ತರೆ ಎಲೆ ಬರುತ್ತದೆಯೇ ಹೊರತು ಗಡ್ಡೆ ಬರುವುದಿಲ್ಲ, ಒಂದಕ್ಕೊಂದು ಬೇರಿನಲ್ಲಿ ಪೋಣಿಸಿಕೊಂಡಿರುವ ಗಡ್ಡೆಗಳಿಂದ ಮತ್ತೆ ಚಿಗುರುತ್ತದೆ. ನೀರು ಕೊಟ್ಟ ಮಾರನೇ ಬೆಳಿಗ್ಗೆ ಕಿರಿದಾದ ಕುರ್ಪಿಯನ್ನು ಬುಡದ ಪಕ್ಕ ಆರು ಇಂಚು ನೇರಕ್ಕೆ ಇಳಿಸಿ ಮಣ್ಣು ಮೀಟಿ, ಕಪ್ಪು ಗಡ್ಡೆ ಕೈಗೆ ಬಂದಮೇಲೆ ಬಿಡಿ. ಸಿಕ್ಕ ಗಡ್ಡೆಯನ್ನು ಕಾಂಪೋಸ್ಟಿಗೆ ಹಾಕಬೇಡಿ. ಹೊಸದಾಗಿ ಎದ್ದ ಸಸಿ ಮೂರ್ನಾಲ್ಕು ವಾರದಲ್ಲಿ ತನ್ನದೇ ಗಡ್ಡೆ ಕಟ್ಟುವುದರಿಂದ ಹದಿನೈದು ದಿನಕ್ಕೊಮ್ಮೆ ಬಿಡದೆ ತೆಗೆಯಬೇಕು. ಒಂದು ಮಳೆಗಾಲ ಹಠ ಹಿಡಿದರೆ ಹದ್ದುಬಸ್ತಿಗೆ ಬರುತ್ತದೆ. ಕಾಂಗ್ರೆಸ್ ಗಿಡ, ಮುಟ್ಟಿದರೆ ಮುನಿ, ಹುಳಿಸೊಪ್ಪು ಇವೆಲ್ಲ ಹೂವಾಗುವ ಮೊದಲು ಕಿತ್ತರೆ ಮುಗಿಯಿತು. ಕಾಂಗ್ರೆಸ್‌ಗೆ ಕೈಗವಸು ಹಾಕಿಕೊಳ್ಳಿ. ತೇವದ ಮೂಲೆಯಲ್ಲಿ ಒಂದೆಲಗ ಹಬ್ಬಿದ್ದರೆ ಅದನ್ನು ಕಳೆ ಅನ್ನಲು ಮನಸ್ಸು ಬರುವುದಿಲ್ಲ. ಅಲ್ಲಿ ಔಷಧಿ, ರಸಗೊಬ್ಬರ ಬಿದ್ದಿಲ್ಲವಾದರೆ ತಂಬುಳಿಗಾಯಿತು.

ಹಳದಿ ಬಣ್ಣಕ್ಕೆಲ್ಲ ಯೂರಿಯವೇ ಮದ್ದಲ್ಲ. ಬುಡದ ಹಳೆಯ ಎಲೆಗಳು ಮೊದಲು ಹಳದಿಯಾಗಿ ಬೆಳವಣಿಗೆ ನಿಂತಿದ್ದರೆ ಸಾರಜನಕ ಸಾಲದು. ಆಗ 50 ಗ್ರಾಂ ಯೂರಿಯವನ್ನು ತಕ್ಕಡಿಯಲ್ಲಿ ತೂಗಿ, ಎರಡು ಕೆಜಿ ಒಣಮರಳಿನಲ್ಲಿ ಬೆರೆಸಿ, ಅರ್ಧವನ್ನು ಉದ್ದಕ್ಕೂ ಅರ್ಧವನ್ನು ಅಡ್ಡಕ್ಕೂ ಎರಚಿ, ಕೂಡಲೇ ನೀರು ಬಿಡಿ. ಎರಚುವಾಗ ಎಲೆ ಒಣಗಿರಲಿ. ಮುಷ್ಟಿ ಲೆಕ್ಕದಲ್ಲಿ ಎರಚಿದವರ ಲಾನಿನಲ್ಲಿ ಮುಷ್ಟಿ ಬಿದ್ದಲ್ಲೆಲ್ಲ ಸುಟ್ಟ ಮಚ್ಚೆ. ಜೂನ್, ಆಗಸ್ಟ್, ಅಕ್ಟೋಬರ್, ಈ ಮೂರು ಸಲ ಸಾಕು. ಹಾಗಲ್ಲದೆ ಹೊಸ ಚಿಗುರೇ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ, ಬೋರ್‌ವೆಲ್ ನೀರು ಕುಡಿದ ಮಣ್ಣಿನಲ್ಲಿ ಇದು ಸಾಮಾನ್ಯ. ಅದಕ್ಕೆ ಯೂರಿಯ ಎಷ್ಟು ಸುರಿದರೂ ಉಪಯೋಗವಿಲ್ಲ. ಐದು ಲೀಟರ್ ನೀರಿಗೆ 20 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಒಂದು ವಾರದಲ್ಲಿ ಬಣ್ಣ ತಿರುಗುತ್ತದೆ. ಗ್ರಾನೈಟ್, ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ, ಮೊದಲೇ ಗೋಣಿಚೀಲ ಮುಚ್ಚಿಕೊಳ್ಳಿ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಳೆ ಚೆನ್ನಾಗಿದ್ದೂ ಒಂದು ಭಾಗ ಬಾಡಿ, ಹಿಡಿದೆತ್ತಿದರೆ ಚಾಪೆಯಂತೆ ಸುರುಳಿ ಎದ್ದು ಬಂದರೆ ಕೆಳಗೆ ಗೊಣ್ಣೆಹುಳು ಬೇರು ತಿಂದಿದೆ. ಒಂದು ಚದರ ಅಡಿಯಲ್ಲಿ ಒಂದೆರಡು ಇದ್ದರೆ ಮೈನಾ ಹಕ್ಕಿಗಳಿಗೆ ಬಿಡಿ. ಐದಾರಿದ್ದರೆ ಮಣ್ಣು ಕೆದಕಿ ಆರಿಸಿ, ಮೆಟಾರೈಜಿಯಂ (ಹುಳುಗಳನ್ನು ಕೊಲ್ಲುವ ಶಿಲೀಂಧ್ರ) ಪುಡಿಯನ್ನು ಪೊಟ್ಟಣದ ಮೇಲಿನ ಅಳತೆಯಂತೆ ಕಳಿತ ಗೊಬ್ಬರದಲ್ಲಿ ಬೆರೆಸಿ ತೇವವಿರುವಾಗ ಹಾಕಿ. ಇವುಗಳ ತಾಯಿ ದುಂಬಿ ಮುಂಗಾರಿನ ಮೊದಲ ಮಳೆಗಳ ಸಂಜೆ ವರಾಂಡದ ದೀಪಕ್ಕೆ ಬಂದು ಬಡಿಯುತ್ತದೆ. ದೀಪದ ಕೆಳಗೆ ಸೋಪುನೀರಿನ ಬಕೆಟ್ ಇಟ್ಟರೆ ನೂರು ಹುಳು ಹುಟ್ಟುವ ಮೊದಲೇ ತಪ್ಪಿತು. ಹಸಿ ಸಗಣಿ ಬಿಟ್ಟು ಪೂರ್ತಿ ಕಳಿತ ಗೊಬ್ಬರವನ್ನೇ ಹಾಕಿ ಎನ್ನುವುದು ಈ ಹುಳುವಿನ ಕಾರಣಕ್ಕೂ ಸೇರಿ. ಎರೆಹುಳು ಮಾಡುವ ಮಣ್ಣಿನ ಗುಪ್ಪೆಗೆ ಮಾತ್ರ ಏನೂ ಮಾಡಬೇಡಿ, ಒಣಗಿದಮೇಲೆ ಪೊರಕೆ ಆಡಿಸಿದರಾಯಿತು.

ಹೊಸದಾಗಿ ಲಾನ್ ಹಾಕಿಸುವವರು ಬೆಳೆಸಿದ ಹುಲ್ಲಿನ ಚಾಪೆ ತಂದು ಹಾಸುವ ಆತುರದಲ್ಲಿ ಕೆಳಗಿನ ಮಣ್ಣು ಮರೆಯುತ್ತಾರೆ. ಮನೆ ಕಟ್ಟಿದ ಜಾಗದಲ್ಲಿ ಜಲ್ಲಿ, ಗಾರೆಗಟ್ಟಿ, ಇಟ್ಟಿಗೆ ಚೂರು ಇದ್ದೇ ಇರುತ್ತದೆ. ಏಪ್ರಿಲ್‌ನಲ್ಲೇ ಒಂದಡಿ ಅಗೆದು ಅವನ್ನೆಲ್ಲ ಆರಿಸಿ, 50 ಕೆಜಿ ಕಳಿತ ಗೊಬ್ಬರ, ಎರಡು ಕೆಜಿ ಬೇವಿನ ಹಿಂಡಿ ಬೆರೆಸಿ, ಹತ್ತಡಿಗೆ ಒಂದೂವರೆ ಇಂಚು ಇಳಿಜಾರು ಗೋಡೆಯಿಂದ ಆಚೆಗೆ ಬರುವಂತೆ ಮಟ್ಟ ಮಾಡಿ. ನೀರು ಹಾಕಿ ಹತ್ತು ಹನ್ನೆರಡು ದಿನ ಬಿಡಿ. ಮೊಳೆತ ಕಳೆಯನ್ನೆಲ್ಲ ಗಡ್ಡೆಸಮೇತ ತೆಗೆದು ಮತ್ತೆ ನೀರು ಹಾಕಿ. ಹೀಗೆ ಮೂರು ಸುತ್ತು ಮಾಡುವಷ್ಟರಲ್ಲಿ ಜೂನ್ ಬಂದಿರುತ್ತದೆ. ಚಾಪೆಗಳನ್ನು ಇಟ್ಟಿಗೆ ಕಟ್ಟುವ ಹಾಗೆ ಸಂದು ತಪ್ಪಿಸಿ ಹಾಸಿ ಒತ್ತಿ. ಟೆಂಪೋದಲ್ಲಿ ಒಂದರ ಮೇಲೊಂದು ಪೇರಿಸಿ ಒಂದು ದಿನ ಕಳೆದವು ಒಳಗೇ ಬೆಂದು ಹಳದಿಯಾಗಿರುತ್ತವೆ, ಅವನ್ನು ವಾಪಸ್ ಕಳಿಸಿ. ದುಡ್ಡು ಉಳಿಸಬೇಕೆಂದರೆ ಎರಡು ಮೂರು ಗಿಣ್ಣಿನ ತುಂಡುಗಳನ್ನು ನಾಲ್ಕು ಇಂಚಿಗೊಂದರಂತೆ ನೆಟ್ಟರೂ ಮಳೆಗಾಲ ಮುಗಿಯುವುದರೊಳಗೆ ಕೂಡಿಕೊಳ್ಳುತ್ತದೆ.

ಮಾವಿನ ಮರದ ಬುಡದಲ್ಲಿ, ಎತ್ತರದ ಕಾಂಪೌಂಡಿನ ನೆರಳಲ್ಲಿ ಗರಿಕೆ ಬರುವುದಿಲ್ಲ, ಅದಕ್ಕೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ನಾಲ್ಕು ಗಂಟೆ ಬಿಸಿಲಿದ್ದರೆ ಬಫೆಲೋ ಪ್ರಯತ್ನಿಸಬಹುದು. ಅದೂ ಇಲ್ಲದಿದ್ದರೆ ವರ್ಷವರ್ಷ ಹೊಸ ಚಾಪೆಗೆ ದುಡ್ಡು ಸುರಿಯುವ ಬದಲು ಅಲ್ಲಿ ನಾಲ್ಕು ಚಪ್ಪಡಿ ಕಲ್ಲು ಹಾಸಿ ಎರಡು ಕುರ್ಚಿ ಹಾಕಿಕೊಳ್ಳಿ.