ಬಾರ್ಜಿನ ಮೇಲೆ ಗ್ಯಾಸ್: ಮೋಟರ್‌ಹೋಮಿನ ಸಿಲಿಂಡರ್ ಪೆಟ್ಟಿಗೆ, ನನ್ನ ಅನುಭವ

"ಗ್ಯಾಸ್ ಇಟ್ಕೊಂಡು ಬಾರ್ಜ್ ಹತ್ತಾಕ ಬಿಡಂಗಿಲ್ರೀ, ಇಂಡಕ್ಷನ್ ಹಾಕಿಸಿಬಿಡ್ರಿ." ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಟ್ರಾವೆಲರ್ ಗಾಡಿಯೊಳಗೆ ಮಂಚ, ಅಡಿಗೆ ಕಟ್ಟೆ ಕೂರಿಸಿಕೊಡುವ ಮಂದಿಯೆಲ್ಲ ಹೇಳುವ ಮಾತು ಇದು. ಗೋವಾದ ಕೇರಿ–ತೆರೆಖೋಲ, ರಾಯಬಂದರ–ಚೋಡಣ, ಮಹಾರಾಷ್ಟ್ರದ ಜಯಗಡ–ತವಸಾಳ, ದಾಭೋಳ–ಧೋಪಾವೆ, ವೇಶ್ವಿ–ಬಾಗಮಾಂಡಲೆ ಈ ಎಲ್ಲ ಕಡೆ, ಗಾಡಿ ದಾಟಿಸುವ ಬಾರ್ಜಿನ ಮೇಲೆ, ಐದು ಕಿಲೋದ ಎರಡು ಸಿಲಿಂಡರ್ ಹೊತ್ತೇ ನನ್ನ ಗಾಡಿ ಹೊಳೆ ದಾಟಿದೆ. ಇಳಿಸು ಅಂದವರು ಈಗ ಯಾರೂ ಇಲ್ಲ. ಹಾಗಂದವರು ಇದ್ದದ್ದು ಪೆಟ್ಟಿಗೆ ಸರಿಯಾಗುವ ಮೊದಲು. ಬಾರ್ಜಿನ ಹುಡುಗರಿಗೆ ಗ್ಯಾಸ್ ಅಂದರೆ ಅಂಜಿಕೆ ಇಲ್ಲ, ಕಣ್ಣಿಗೆ ಬೀಳದ ಗ್ಯಾಸ್ ಅಂದರೆ ಅಂಜಿಕೆ. ಹತ್ತು ಸೆಕೆಂಡಿನಲ್ಲಿ ಬಾಗಿಲು ತೆಗೆದು ತೋರಿಸುವಂತಿದ್ದರೆ ಕೈ ಬೀಸಿ ಒಳಗೆ ಬಿಡುತ್ತಾರೆ.

ಇಂಡಕ್ಷನ್ ಮಾತು ಮೊದಲು ಮುಗಿಸುತ್ತೇನೆ. 1,800 ವ್ಯಾಟಿನ ಒಲೆಗೆ 12 ವೋಲ್ಟ್ ಬ್ಯಾಟರಿಯಿಂದ 150 ಆಂಪಿಯರ್ ಮೇಲೆಯೇ ಎಳೆಯಬೇಕು. 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಪೂರ್ತಿ ಉರಿಯಲ್ಲಿ ಒಂದೂಕಾಲು ತಾಸು ಬಂದರೆ ಹೆಚ್ಚು. ಬ್ಯಾಟರಿ, ಇನ್ವರ್ಟರ್, ದಪ್ಪ ಕೇಬಲ್, ಚಾರ್ಜರ್ ಸೇರಿ ನನಗೆ ಹೇಳಿದ ದರ ಲಕ್ಷದ ಹತ್ತಿರ. ಇಷ್ಟು ರೊಕ್ಕ ಸುರಿದರೂ ಅದರ ಮೇಲೆ ಜೋಳದ ರೊಟ್ಟಿ ಉಬ್ಬುವುದಿಲ್ಲ. ಹಂಚಿನಿಂದ ತೆಗೆದು ಬೆಂಕಿಗೆ ಹಿಡಿಯದಿದ್ದರೆ ಅದು ರೊಟ್ಟಿಯೇ ಅಲ್ಲ. ಚಹಾ, ಅನ್ನಕ್ಕೆ ಇಂಡಕ್ಷನ್ ಸಾಕು ಅನ್ನುವವರು ಹಾಕಿಸಿಕೊಳ್ಳಲಿ.

ಸ್ಪಿರಿಟ್ ಒಲೆಯನ್ನೂ ಹಚ್ಚಿ ನೋಡಿದ್ದೇನೆ. ಉರಿ ಸಪ್ಪೆ, ರೊಟ್ಟಿ ಚರ್ಮದಂತೆ ಆಗುತ್ತದೆ, ಗಾಡಿಯೆಲ್ಲ ವಾಸನೆ. ಸುಮಾರು 220 ಗ್ರಾಮಿನ ಬ್ಯೂಟೇನ್ ಡಬ್ಬಿಗಳ ಉರಿ ಚೆಂದ, ಆದರೆ ನಾಲ್ಕು ಮಂದಿಗೆ ರೊಟ್ಟಿ ಬಡಿದರೆ ಅರ್ಧ ಡಬ್ಬಿ ಖಾಲಿ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಹತ್ತು ಡಬ್ಬಿ ಹತ್ತು ಕಡೆ ಚೆಲ್ಲಾಪಿಲ್ಲಿ ಆಗಿ, ಒಂದೆರಡು ಡ್ಯಾಶ್‌ಬೋರ್ಡಿನ ಬಿಸಿಲಿಗೆ ಬಂದು ಕೂರುತ್ತವೆ. ಬಾರ್ಜಿನಲ್ಲಿ "ಗ್ಯಾಸ್ ಎಲ್ಲಿದೆ?" ಎಂದು ಕೇಳಿದರೆ ಬೆರಳು ತೋರಿಸಲು ಒಂದು ಜಾಗವೇ ಇರುವುದಿಲ್ಲ.

ಸಿಲಿಂಡರ್ ಯಾವುದು? ಮನೆಯ 14.2 ಕಿಲೋದ್ದು ಬೇಡ. ಅದು ಮನೆ ಅಡಿಗೆಗೆ ಕೊಟ್ಟದ್ದು, ಮೇಲಾಗಿ ತುಂಬಿದಾಗ 30 ಕಿಲೋ ತೂಗುವ ಅದನ್ನು ಗಾಡಿಯಲ್ಲಿ ಅಲುಗದಂತೆ ಕಟ್ಟುವುದು ಕಷ್ಟ. ಐದು ಕಿಲೋದ 'ಛೋಟು' ಎರಡು ಇಟ್ಟುಕೊಂಡಿದ್ದೇನೆ. ಗುರುತಿನ ಚೀಟಿ ತೋರಿಸಿದರೆ ಕೊಡುತ್ತಾರೆ, ವಿಳಾಸದ ಪುರಾವೆ ಕೇಳುವುದಿಲ್ಲ, ಪೆಟ್ರೋಲ್ ಪಂಪಿನಲ್ಲೂ ಸಿಗುತ್ತದೆ. ಇಬ್ಬರಿಗೆ ಎರಡು ಹೊತ್ತಿನ ಅಡಿಗೆ ಮಾಡಿದರೆ ಒಂದು ಬಾಟ್ಲಿ ಎರಡು ವಾರದ ಆಸುಪಾಸು ಬರುತ್ತದೆ. ಫೈಬರಿನ 10 ಕಿಲೋ ಕಾಂಪೊಸಿಟ್ ಸಿಲಿಂಡರನ್ನೂ ಕೂರಿಸಿ ನೋಡಿದೆ. ಹಗುರ, ತುಕ್ಕಿಲ್ಲ, ಗ್ಯಾಸ್ ಎಷ್ಟಿದೆ ಎಂದು ಹೊರಗಿನಿಂದಲೇ ಕಾಣುತ್ತದೆ. ಆದರೆ ಪ್ಲಾಸ್ಟಿಕ್ ಕವಚ ನುಣುಪಾದ್ದರಿಂದ ಬೆಲ್ಟ್ ಜಾರುತ್ತದೆ, ಪರ ಊರಲ್ಲಿ ಬದಲಿಸಿಕೊಳ್ಳುವುದೂ ತಲೆನೋವು. ವಾಪಸ್ ಕೊಟ್ಟುಬಿಟ್ಟೆ.

ತಲೆ ಮೇಲೆ ಬರ್ನರ್ ಇರುವ, ಐಎಸ್‌ಐ ಗುರುತಿಲ್ಲದ ಸಣ್ಣ ಸಿಲಿಂಡರುಗಳನ್ನು ಬಾರ್ಜಿನವರು ಬೇಡ ಎಂದರೆ ಅವರದೇ ಸರಿ. ಸಂದಿಯ ಅಂಗಡಿಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಗ್ಯಾಸ್ ಇಳಿಸುವಾಗ ತೂಕ ನೋಡುವವರು ಕಡಿಮೆ. ಮೇಲೆ ಆವಿಗೆ ಜಾಗ ಬಿಡದೆ ಕಂಠಮಟ್ಟ ತುಂಬಿದ ಬಾಟ್ಲಿ ಬಿಸಿಲಿಗೆ ಕಾದರೆ ದ್ರವ ಹಿಗ್ಗಲು ಎಡೆ ಇರುವುದಿಲ್ಲ. ಧಕ್ಕೆಯ ಸರದಿಯಲ್ಲಿ ಮಧ್ಯಾಹ್ನ ಒಂದು ತಾಸು ನಿಂತ ಗಾಡಿಯೊಳಗಿನ ಕಾವು ನಿಮಗೆ ಗೊತ್ತೇ ಇದೆ.

ಇನ್ನು ಪೆಟ್ಟಿಗೆ. ಮೊದಲ ನಮೂನೆ ಹಿಂದಿನ ಚಕ್ರದ ಆಚೆ, ಚಾಸಿಯ ಕೆಳಗೆ ತೂಗು ಹಾಕಿದ್ದು. ಜಾಗ ಉಳಿಯಿತು, ಗಾಳಿಯೂ ಚೆನ್ನಾಗಿ ಆಡುತ್ತಿತ್ತು. ಆದರೆ ಸಮುದ್ರದ ಇಳಿತದ ಹೊತ್ತಿಗೆ ಬಾರ್ಜು ಕೆಳಗೆ ಹೋಗಿ ರ‍್ಯಾಂಪ್ ಕಡಿದಾಗುತ್ತದೆ. ಮುಂದಿನ ಗಾಲಿ ಬಾರ್ಜಿನ ಮೇಲೇರುತ್ತಿದ್ದಂತೆ ಟ್ರಾವೆಲರಿನ ಉದ್ದ ಬಾಲ ಕಾಂಕ್ರೀಟಿಗೆ ತಾಗುತ್ತದೆ. ಪೆಟ್ಟಿಗೆಯ ತಳ ಒಳಕ್ಕೆ ಮಡಚಿ ಗಾಳಿಯ ಕಿಂಡಿಯೇ ಮುಚ್ಚಿಹೋಯಿತು. 4,000 ಚಿಲ್ಲರೆ ನೀರಿನಲ್ಲಿ ಹೋಯಿತು. ಪೆಟ್ಟಿಗೆ ಏನಿದ್ದರೂ ಎರಡು ಆ್ಯಕ್ಸಲ್ ನಡುವೆಯೇ ಬರಬೇಕು.

ಎರಡನೆಯದು ಒಳಗೆ, ಮಂಚದ ಕೆಳಗೆ. ಇದರದು ಬೇರೆ ಕಥೆ. ಧಕ್ಕೆಯಲ್ಲಿ ತೋರಿಸು ಎಂದರೆ ಹಾಸಿಗೆ ಎತ್ತು, ಹಲಗೆ ಎತ್ತು, ಹಿಂದಿನ ಗಾಡಿಗಳ ಹಾರ್ನ್ ಕೇಳು. ಜೊತೆಗೆ ಮುಚ್ಚಳದ ಬೀಡಿಂಗ್ ಎಷ್ಟು ಅಂಟಿಸಿದರೂ ಒಂದು ಮೂಲೆ ಬಾಯಿ ಬಿಡುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ನೆಲ ಹಿಡಿದು ಮಲಗುವ ಜಾಗಕ್ಕೇ ಬರುತ್ತದೆ.

ಈಗಿರುವುದು ಮೂರನೆಯದು. ಎಡಮಗ್ಗುಲಲ್ಲಿ, ಆ್ಯಕ್ಸಲ್‌ಗಳ ನಡುವೆ, ಹೊರಗಿನಿಂದ ಮಾತ್ರ ತೆರೆಯುವ ಬಾಗಿಲು. 16 ಗೇಜ್ ಶೀಟ್, ಒಳಗಿನ ಮೂಲೆಗಳೆಲ್ಲ ಪೂರ್ತಿ ವೆಲ್ಡ್, ಮೇಲೆ ಸೀಲಂಟ್. ನೆಲದ ಅಳತೆ ಸುಮಾರು 62 ಸೆಂ.ಮೀ. × 34 ಸೆಂ.ಮೀ. ಗಾಳಿಯ ಕಿಂಡಿಗೆ ಯುರೋಪಿನ ಮೋಟರ್‌ಹೋಮ್ ಲೆಕ್ಕ ಹಿಡಿದೆ: ಕೆಳಗೆ ಮಾತ್ರ ಕಿಂಡಿ ಇದ್ದರೆ ನೆಲದ ವಿಸ್ತೀರ್ಣದ ನೂರಕ್ಕೆ ಎರಡು ಪಾಲು, ಆದರೆ 100 ಚದರ ಸೆಂ.ಮೀ.ಗೆ ಕಡಿಮೆ ಇರಬಾರದು. ನಮ್ಮ ಸಣ್ಣ ಪೆಟ್ಟಿಗೆಗೆ ಆ 100 ಅನ್ವಯ. 60 ಮಿ.ಮೀ. ವ್ಯಾಸದ ನಾಲ್ಕು ತೂತು ಲೆಕ್ಕಕ್ಕೆ ಸಾಕು, ಆದರೆ ಇಲಿ ಬಾರದಂತೆ ಜಾಳಿಗೆ ಹಾಕಿದರೆ ತೂತಿನ ಅರ್ಧದ ಹತ್ತಿರ ತಂತಿಯೇ ತಿನ್ನುತ್ತದೆ. ಅದಕ್ಕೆ ಎಂಟು ತೂತು. ಕಿಂಡಿಯ ಕೆಳಗೆ ಸೈಲೆನ್ಸರ್ ಬರಬಾರದು, ಪೆಟ್ಟಿಗೆಯೊಳಗೆ ಬ್ಯಾಟರಿಯಾಗಲಿ ಸ್ವಿಚ್ಚಾಗಲಿ ಇರಬಾರದು. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಓಡಾಡಿದರೆ ಜಾಳಿಗೆ ಮಣ್ಣಿನಿಂದ ಗಚ್ಚು ಹಾಕಿದಂತೆ ಮುಚ್ಚಿಕೊಳ್ಳುತ್ತದೆ. ಕಡ್ಡಿಯಿಂದ ಚುಚ್ಚಿ ಬಿಡಿಸದೆ ಗಾಡಿ ಹೊರಡಿಸಬೇಡಿ.

ಬಾಟ್ಲಿ ಹಿಡಿದಿಡಲು ನಡುವಿಗೆ ರಾಚೆಟ್ ಬೆಲ್ಟ್, ಮೇಲೆ ಕೊರಳಪಟ್ಟಿಗೆ ಒಂದು ಕ್ಲಾಂಪ್. ಬೆಲ್ಟ್ ಒಂದೇ ಸಾಲದು, ಅನಮೋಡ ಘಾಟಿನ ತಿರುವುಗಳಲ್ಲಿ ಬಾಟ್ಲಿ ನಿಂತಲ್ಲೇ ಗಿರಕಿ ಹೊಡೆದು ರೆಗ್ಯುಲೇಟರಿನ ಪೈಪ್ ತಿರುಚುತ್ತದೆ. ಕ್ಲಾಂಪಿನ ನಮೂನೆ ನನ್ನದೇ, ಒಂದೇ ಕೈಯಲ್ಲಿ ಬಿಚ್ಚಬಹುದು. ಅದರ ಅಳತೆ ಇಲ್ಲಿ ಬರೆಯುವುದಿಲ್ಲ, ಹುಬ್ಬಳ್ಳಿಗೆ ಬಂದವರು ನೋಡಿಕೊಂಡು ಹೋಗಲಿ.

ಪೆಟ್ಟಿಗೆಯಿಂದ ಒಲೆಗೆ ಮೊದಲು ಪೂರ್ತಿ ರಬ್ಬರ್ ಪೈಪ್ ಎಳೆದಿದ್ದೆ. ಚಾಸಿಯ ಅಂಚಿಗೆ ಉಜ್ಜಿ ಒಳಗಿನ ತಂತಿ ಕಾಣಿಸಿತು. ಆಮೇಲೆ 8 ಮಿ.ಮೀ. ತಾಮ್ರದ ಪೈಪ್. ಫ್ರಿಜ್ ರಿಪೇರಿಯವರು ಪೈಪಿನ ಬಾಯಿ ಅಗಲಿಸಿ (ಇದಕ್ಕೆ ಫ್ಲೇರ್ ಅನ್ನುತ್ತಾರೆ) ನಟ್ ಬಿಗಿದುಕೊಟ್ಟರು, ನಾಲ್ಕಾರು ತಿಂಗಳಿಗೆ ಫ್ಲೇರಿನ ಕುತ್ತಿಗೆ ಬಿರುಕು ಬಿಟ್ಟಿತು. ಕೆಲಸ ಕೆಟ್ಟದ್ದಲ್ಲ, ಜೋಡಣೆಯ ಹತ್ತಿರ ಪೈಪಿಗೆ ಆಸರೆ ಇರಲಿಲ್ಲ, ನಡುಗಿ ನಡುಗಿ ತಾಮ್ರ ಗಡುಸಾಗಿ ಒಡೆಯಿತು. ಈಗ ಪೈಪಿಗೆ ಉಂಗುರ ಕಚ್ಚಿಸಿ ಬಿಗಿಯುವ ಫೆರೂಲ್ ಜೋಡಣೆ, ಪ್ರತಿ ಜೋಡಣೆಯಿಂದ ಗೇಣಿನೊಳಗೆ ರಬ್ಬರ್ ಹಾಕಿದ ಕ್ಲಿಪ್, ನಡುವೆ ಅರ್ಧ ಮೀಟರಿಗೊಂದು. ರಬ್ಬರ್ ಪೈಪ್ ಎರಡೂ ತುದಿಗೆ ಮಾತ್ರ, ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ್ದು. ಒಲೆಯ ಹಿಂದೆ ಹಿತ್ತಾಳೆಯ ಬಾಲ್ ವಾಲ್ವ್. ರೆಗ್ಯುಲೇಟರ್ ಕೊಳ್ಳುವಾಗ ಬಾಟ್ಲಿಯನ್ನೇ ಒಯ್ದು ಕೂರಿಸಿ ನೋಡಿ.

ಸೋರಿಕೆ ನೋಡಲು ಗೌಂಡಿಗಳ ಲೆವೆಲ್ ಪೈಪಿಗಿಂತ ಒಳ್ಳೆಯ ಉಪಕರಣ ಇಲ್ಲ. ಪೈಪನ್ನು ಇಂಗ್ಲಿಷಿನ ಯು ಆಕಾರಕ್ಕೆ ಕಟ್ಟಿ ಅರ್ಧ ನೀರು ತುಂಬಿ ಒಂದು ತುದಿ ಗ್ಯಾಸ್ ಲೈನಿಗೆ ಜೋಡಿಸಿ. ಒಲೆಯ ರೆಗ್ಯುಲೇಟರ್ ಕೊಡುವ 30 ಮಿಲಿಬಾರ್ ಎಂದರೆ ನೀರಿನ ಮಟ್ಟದಲ್ಲಿ 30 ಸೆಂ.ಮೀ. ವ್ಯತ್ಯಾಸ. ನಾನು ರೆಗ್ಯುಲೇಟರ್ ಬಿಚ್ಚಿ, ಒಲೆಯ ವಾಲ್ವ್ ಮುಚ್ಚಿ, ಸೈಕಲ್ ಪಂಪಿನಿಂದ ಮೆಲ್ಲಗೆ ಒಂದು ಮೀಟರ್ ತನಕ ಏರಿಸುತ್ತೇನೆ. ಕಾಲು ತಾಸು ನೀರು ಅಲುಗದಿದ್ದರೆ ಲೈನ್ ಗಟ್ಟಿ. ಇಳಿದರೆ ಶಾಂಪೂ ನೀರು ಹಚ್ಚಿ ಗುಳ್ಳೆ ಹುಡುಕಿ. ಲೆವೆಲ್ ಪೈಪಿನ ಖರ್ಚು ಅರವತ್ತು-ಎಪ್ಪತ್ತು ರೂಪಾಯಿ.

12 ವೋಲ್ಟಿನ ಗ್ಯಾಸ್ ಅಲಾರಂ ನೆಲದಿಂದ ಒಂದು ಗೇಣು ಎತ್ತರಕ್ಕಿರಲಿ. ಇದು ಸುಳ್ಳು ಸುಳ್ಳೇ ಕೂಗುತ್ತದೆ ಎಂದು ಕಿತ್ತು ಎಸೆಯುವವರು ಬಹಳ. ಯಾವಾಗ ಕೂಗುತ್ತದೆ ಎಂದು ಗಮನಿಸಿದರೆ ಹೆಚ್ಚಾಗಿ ಡಿಯೋಡರೆಂಟ್ ಸ್ಪ್ರೇ ಹೊಡೆದುಕೊಂಡಾಗ. ಅದರ ಡಬ್ಬಿಯಲ್ಲಿ ವಾಸನೆಯನ್ನು ಹೊರದೂಡುವುದು ಸಾಮಾನ್ಯವಾಗಿ ಬ್ಯೂಟೇನ್, ಪ್ರೋಪೇನ್ ಬೆರಕೆಯೇ. ಅಲಾರಂ ತನ್ನ ಕೆಲಸವನ್ನೇ ಮಾಡುತ್ತಿರುತ್ತದೆ.

ಖರ್ಚು ನೆನಪಿನಿಂದ: ಮೂರನೇ ಪೆಟ್ಟಿಗೆ ವೆಲ್ಡಿಂಗ್, ಬಣ್ಣ ಸಮೇತ 5,000, ತಾಮ್ರ ಮತ್ತು ಜೋಡಣೆ 2,500, ಅಲಾರಂ 1,200, ಬೆಲ್ಟ್, ಕ್ಲಾಂಪ್, ವಾಲ್ವ್, ರೆಗ್ಯುಲೇಟರ್ ಸೇರಿ 2,000ದ ಮೇಲೆ, ಎರಡು ಬಾಟ್ಲಿಗೆ 3,000ದ ಆಚೀಚೆ. ಹದಿನಾಲ್ಕು ಸಾವಿರದೊಳಗೆ ಮುಗಿಯಿತು. ಲಕ್ಷದ ದರ ಹೇಳಿದವರ ಶೆಡ್ಡಿನಲ್ಲೇ ಈಗ ಇದೇ ಅಳತೆಯ ಪೆಟ್ಟಿಗೆ ತಯಾರಾಗುತ್ತಿದೆ, ಅದನ್ನೂ ಹೇಳಿಬಿಡುತ್ತೇನೆ.

ಬಾರ್ಜ್ ಹತ್ತುವ ಮುಂಚಿನ ಕೆಲಸ ಧಕ್ಕೆಯಲ್ಲಲ್ಲ, ಅದಕ್ಕೆ ಅರ್ಧ ತಾಸು ಮೊದಲೇ ಬಯಲಲ್ಲಿ ಗಾಡಿ ನಿಲ್ಲಿಸಿ ಆಗಬೇಕು. ಒಲೆ ಉರಿಯುತ್ತಿರುವಾಗಲೇ ರೆಗ್ಯುಲೇಟರ್ ಗುಬುಟು ಮುಚ್ಚಿ, ಪೈಪಿನೊಳಗೆ ಉಳಿದದ್ದು ಉರಿದು ಬೆಂಕಿ ತಾನೇ ಆರಲಿ. ಆಮೇಲೆ ಒಲೆಯ ಗುಬುಟು, ಬಾಲ್ ವಾಲ್ವ್. ಕೊನೆಗೆ ರೆಗ್ಯುಲೇಟರ್ ಎತ್ತಿ ಬಿಳಿ ಸೇಫ್ಟಿ ಕ್ಯಾಪ್ ಹಾಕಿ. ನಮ್ಮ ದೇಶದ ಸಿಲಿಂಡರಿನ ವಾಲ್ವ್ ರೆಗ್ಯುಲೇಟರ್ ತೆಗೆದೊಡನೆ ತಾನೇ ಮುಚ್ಚಿಕೊಳ್ಳುವಂಥದ್ದು, ಆದರೂ ಒಳಗಿನ ರಬ್ಬರ್ ವಾಷರ್ ಸವೆದಿರಬಹುದು, ಒಂದು ಹನಿ ನೀರು ಬಿಟ್ಟು ಗುಳ್ಳೆ ಬರುತ್ತದೆಯೇ ನೋಡಿ. ಕ್ಯಾಪಿನ ದಾರ ಕತ್ತರಿಸಿ ಎಸೆಯಬೇಡಿ. ಬಾರ್ಜಿನವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಬಿಳಿ ಕ್ಯಾಪ್ ಕಂಡರೆ ಅರ್ಧ ಮಾತು ಮುಗಿದಂತೆ. ಕೊರಳಪಟ್ಟಿಯ ಮೇಲಿನ ಪರೀಕ್ಷೆಯ ಗುರುತನ್ನೂ ಓದಿಕೊಂಡಿರಿ: ಎ ಎಂದರೆ ಮಾರ್ಚ್ ತನಕ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್, ಪಕ್ಕದಲ್ಲಿ ವರ್ಷ. ಅವಧಿ ಮೀರಿದ ಬಾಟ್ಲಿ ಅಂಗಡಿಯಲ್ಲೇ ಬೇಡ ಅನ್ನಿ.

ಚೀಟಿ ಹರಿಯುವವನು ಹತ್ತಿರ ಬಂದಾಗ ಅವನು ಕೇಳುವ ಮೊದಲೇ ಪೆಟ್ಟಿಗೆಯ ಬಾಗಿಲು ತೆಗೆದು ತೋರಿಸಿ. ಗಾಡಿಯ ಎಡಮಗ್ಗುಲು ಬಾರ್ಜಿನ ಅಂಚಿನ ಕಠಡಕ್ಕೆ ಒತ್ತಿ ನಿಲ್ಲಿಸಲು ಹೇಳಿದರೆ ಎರಡಡಿ ಬಿಟ್ಟುಕೊಡಿ ಎಂದು ಕೇಳಿ, ಬಾಗಿಲು ತೆರೆಯಬೇಕು. ಎಂಜಿನ್ ಬಂದ್, ಹ್ಯಾಂಡ್‌ಬ್ರೇಕ್, ಮೊದಲ ಗೇರ್. ಹತ್ತು ನಿಮಿಷದ ಹೊಳೆ ದಾಟುವುದರಲ್ಲಿ ಚಹಾ ಕಾಸುವ ಹುಚ್ಚು ಯಾರಿಗೂ ಇಲ್ಲ, ಆದರೆ ಧಕ್ಕೆಯ ಸರದಿಯಲ್ಲಿ ನಿಂತು ಒಲೆ ಹಚ್ಚುವವರನ್ನು ನೋಡಿದ್ದೇನೆ. ಪಕ್ಕದಲ್ಲಿ ಬೀಡಿ, ಮುಂದೆ ಡೀಸೆಲ್ ಕ್ಯಾನ್ ಹೊತ್ತ ಟಂಟಂ. ಅಂಥವರಿಂದಲೇ ನಮಗೂ ಬಾಗಿಲು ಮುಚ್ಚುತ್ತದೆ.

ಇದೆಲ್ಲ ತೆರೆದ ಡೆಕ್ಕಿನ ಸಣ್ಣ ಬಾರ್ಜುಗಳ ಮಾತು. ಘೋಘಾ–ಹಜೀರಾದಂಥ ದೊಡ್ಡ ಹಡಗಿನಲ್ಲಿ ಗಾಡಿ ಕೆಳಗಿನ ಡೆಕ್ಕಿನಲ್ಲಿ, ಮಂದಿ ಮೇಲೆ. ಟಿಕೆಟ್ ಮಾಡುವ ಮೊದಲೇ ಸಿಲಿಂಡರ್ ಎಷ್ಟು, ಎಷ್ಟು ಕಿಲೋದ್ದು ಎಂದು ಬರೆದು ಕೇಳಿ, ಉತ್ತರ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಇಂಗ್ಲಿಷ್ ಚಾನೆಲ್ ದಾಟುವ ಮೋಟರ್‌ಹೋಮಿನವರು ಅಡಿಗೆ ಗ್ಯಾಸ್ ಇಟ್ಟುಕೊಂಡೇ ಹಡಗು ಹತ್ತುತ್ತಾರೆ, ವಾಲ್ವ್ ಮುಚ್ಚಿ, ಪೆಟ್ಟಿಗೆಯಲ್ಲಿ ಕಟ್ಟಿ, ಕೇಳಿದರೆ ತಿಳಿಸಿ. ಅಲ್ಲಿನ ಸುರಂಗದ ರೈಲಿನಲ್ಲಿ ಎಲ್‌ಪಿಜಿಯಿಂದಲೇ ಓಡುವ ಗಾಡಿ ಬಿಡುವುದಿಲ್ಲ, ಅಡಿಗೆಯದಕ್ಕೆ ಮಿತಿ ಇಟ್ಟು ಬಿಡುತ್ತಾರೆ. ನಮ್ಮಲ್ಲೂ ಬಹಳ ಮಂದಿ ಈ ಎರಡನ್ನೂ ಒಂದೇ ಎಂದು ಹಿಡಿಯುತ್ತಾರೆ. ಸಿಗಂದೂರಿನ ಲಾಂಚಿನ ಬಗ್ಗೆ ಕೇಳುವವರಿಗೆ: 2025ರ ಜುಲೈಯಲ್ಲಿ ಅಲ್ಲಿ ಸೇತುವೆ ತೆರೆದಿದೆ, ಗಾಡಿ ನೇರ ಹೋಗುತ್ತದೆ.

ಕೊಂಕಣ ಸುತ್ತಿ ಬಂದ ಮೇಲೆ ಪೆಟ್ಟಿಗೆಯನ್ನು ಸಿಹಿನೀರಿನಿಂದ ತೊಳೆಯಿರಿ. ಬಾರ್ಜಿನ ರ‍್ಯಾಂಪಿನಲ್ಲಿ ಎರಚುವ ಉಪ್ಪುನೀರು ಕೆಳಗಿನ ಕಿಂಡಿಯಿಂದಲೇ ಒಳಗೆ ಬರುತ್ತದೆ, ಬಾಟ್ಲಿಯ ಕಾಲುಬಳೆ ಮೊದಲು ತುಕ್ಕು ಹಿಡಿಯುತ್ತದೆ. ತೂತಿನ ರಬ್ಬರ್ ಮ್ಯಾಟ್ ಹಾಸಿದರೆ ನೀರು ನಿಲ್ಲುವುದಿಲ್ಲ. ಸತು ಲೇಪದ ಕಬ್ಬಿಣದ (ಜಿ.ಐ.) ಜಾಳಿಗೆ ಒಂದೇ ಮಳೆಗಾಲಕ್ಕೆ ಪುಡಿಯಾಯಿತು. 304 ಸ್ಟೇನ್‌ಲೆಸ್ ಜಾಳಿಗೆ ತುಂಡಿಗೆ ಇನ್ನೂರರ ಹತ್ತಿರ ಆಗುತ್ತದೆ, ಅದನ್ನೇ ಹಾಕಿಸಿ.