ಎಳೆ ಬರುವ ಮುಂಚೆ ಇಳಿಸಿ: ಮನೆಯಲ್ಲೇ ದ್ರಾಕ್ಷಿ ಜೆಲ್ಲಿ

ಶಿವರಾತ್ರಿ ಹತ್ತಿರ ಬಂತೆಂದರೆ ಕೊಪ್ಪಳದಲ್ಲಿ ಎಲ್ಲಿ ನೋಡಿದರೂ ದ್ರಾಕ್ಷಿ ಗಾಡಿ. ನಮ್ಮ ಜಿಲ್ಲೆಯ ತೋಟದ್ದೂ ಇರುತ್ತದೆ, ವಿಜಯಪುರ ಕಡೆಯಿಂದ ಬಂದ ಮಾಲೂ ಇರುತ್ತದೆ. ಉಪವಾಸಕ್ಕೆಂದು ಎರಡು ಕೆಜಿ ತಂದರೆ ಗೊಂಚಲು ಖಾಲಿಯಾಗಿ, ಉದುರಿದ ಕಾಳು ಚೀಲದ ತಳದಲ್ಲಿ ಉಳಿದೇ ಉಳಿಯುತ್ತವೆ. ಅವನ್ನು ಯಾರೂ ಮುಟ್ಟುವುದಿಲ್ಲ. ಜೆಲ್ಲಿಗೆ ಅವೇ ಸಾಕು. ಕೊಳೆತದ್ದು, ಬೂಸ್ಟು ಬಂದದ್ದು ಮಾತ್ರ ಬೇಡ.

ನನ್ನ ಮೊದಲ ಜೆಲ್ಲಿ ಚಮಚವನ್ನೇ ಬಾಗಿಸಿತ್ತು. ಲಾಡು ಪಾಕದ ಲೆಕ್ಕದಲ್ಲಿ ಎಳೆ ಬರಲಿ ಎಂದು ಕಾಯುತ್ತಾ ನಿಂತಿದ್ದೆ. ಅತ್ತೆಯೂ ಪಕ್ಕದಲ್ಲಿ ನಿಂತು "ಎಳಿ ಬಂತೇನ್ ನೋಡವ್ವಾ" ಅನ್ನುತ್ತಿದ್ದರು. ಎಳೆ ಏನೋ ಬಂತು, ಆದರೆ ಜೆಲ್ಲಿ ಚಿಕ್ಕಿಯಾಯಿತು. ಪಾಕ ಗಟ್ಟಿಯಾಗುವುದು ಬರೀ ಸಕ್ಕರೆಯಿಂದ. ಜೆಲ್ಲಿ ಕಟ್ಟುವುದು ಪೆಕ್ಟಿನ್‌ನಿಂದ. ಅದು ಹಣ್ಣಿನ ಸಿಪ್ಪೆ, ತಿರುಳಿನಲ್ಲಿರುವ ಅಂಟು. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹುಳಿ ಆ ಅಂಟಿನ ಎಳೆಗಳು ಒಂದಕ್ಕೊಂದು ಸೇರುವಂತೆ ಮಾಡುತ್ತದೆ. ಮೂರರಲ್ಲಿ ಒಂದು ಕಮ್ಮಿಯಾದರೂ ಶರಬತ್ತೇ ಗತಿ.

ಇಲ್ಲೇ ಒಂದು ತೊಡಕಿದೆ. ನಮ್ಮ ಗಾಡಿಗಳಲ್ಲಿ ಸಿಗುವ ಥಾಮ್ಸನ್, ಸೋನಾಕಾ, ಶರದ್ ಎಲ್ಲ ಬೀಜವಿಲ್ಲದ ಸಿಹಿ ತಳಿಗಳು. ಚೆನ್ನಾಗಿ ಹಣ್ಣಾದ ಮೇಲೆ ಅವುಗಳಲ್ಲಿ ಹುಳಿಯೂ ಅಂಟೂ ಕಮ್ಮಿ. ಜೆಲ್ಲಿಗೆ ಹೇಳಿ ಮಾಡಿಸಿದ್ದು ಬೆಂಗಳೂರು ನೀಲಿ. 2013ರಲ್ಲಿ ಭೌಗೋಳಿಕ ಗುರುತು (ಇಂಥ ಪ್ರದೇಶದ್ದೇ ಎಂಬ ಜಿಐ ಮಾನ್ಯತೆ) ಪಡೆದ ದ್ರಾಕ್ಷಿ ತಳಿ ಅದು. ಹಿಸುಕಿದರೆ ಸಿಪ್ಪೆ ಬಿಟ್ಟು ತಿರುಳು ಜಾರುತ್ತದೆ, ಘಮವೂ ಜಾಸ್ತಿ. ಅಮೆರಿಕದಲ್ಲಿ ಜೆಲ್ಲಿಗೆ ಹೆಸರಾದ ಕಾಂಕರ್ಡ್ ದ್ರಾಕ್ಷಿಯೂ ಇದೇ ಬಳಗದ್ದು. ಅದನ್ನು 1849ರಲ್ಲಿ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಎಂಬ ಊರಿನಲ್ಲಿ ಎಫ್ರೈಮ್ ಬುಲ್ ಎಂಬಾತ ಬೆಳೆಸಿದ. ನೀಲಿ ಸಿಗದಿದ್ದರೆ ಕರಿ ದ್ರಾಕ್ಷಿಯೇ ಇರಲಿ. ಒಂದು ಕೆಜಿಯಲ್ಲಿ ಕಾಲು ಭಾಗ ಇನ್ನೂ ಹುಳಿ ಇರುವ ಕಾಳು ಆರಿಸಿಕೊಳ್ಳಿ, ಜೊತೆಗೆ ಒಂದು ದೋರೆ ಪೇರಲ ಹೆಚ್ಚಿ ಹಾಕಿ. ಪೇರಲದಲ್ಲಿ ಪೆಕ್ಟಿನ್ ಧಾರಾಳ.

ಕಾಳುಗಳನ್ನು ಉಪ್ಪು ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಎರಡು ಮೂರು ನೀರಿನಲ್ಲಿ ತೊಳೆಯಿರಿ. ಮೇಲಿನ ಬೂದಿಯಂಥ ಪುಡಿ ಎಲ್ಲವೂ ತೋಟದಲ್ಲಿ ಸಿಂಪಡಿಸಿದ ಔಷಧಿಯಲ್ಲ. ಹಣ್ಣಿನದೇ ಮೇಣ ಅದು. ಆದರೂ ತೊಳೆಯುವುದು ತಪ್ಪಬಾರದು. ಸ್ಟೀಲ್ ಪಾತ್ರೆಯಲ್ಲಿ ಅರ್ಧ ಲೋಟ ನೀರು ಹಾಕಿ, ಕಾಳನ್ನು ಕಿವುಚಿ, ಮುಚ್ಚಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬೇಯಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಅದು ಆಗಿಬರುವುದಿಲ್ಲ.

ಬೆಂದದ್ದನ್ನು ತೆಳು ಬಟ್ಟೆಗೆ ಸುರಿದು ಗಂಟು ಕಟ್ಟಿ, ಮೊಸರು ಕಟ್ಟುವಂತೆ ತೂಗುಹಾಕಿ. ಹಿಂಡಬೇಡಿ. ಕೈ ತಡೆಯುವುದಿಲ್ಲ, ಗೊತ್ತು. ಹಿಂಡಿದರೆ ಜೆಲ್ಲಿ ಕದಡುತ್ತದೆ, ಅಷ್ಟೇ. ಹೆಚ್ಚುಕಮ್ಮಿ ಅರ್ಧ ಲೀಟರ್ ರಸ ಇಳಿಯುತ್ತದೆ. ಅದನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ತಳದಲ್ಲಿ ಮರಳಿನಂಥ ಹರಳು ಕೂತಿರುತ್ತವೆ. ಅವು ದ್ರಾಕ್ಷಿಯ ಹುಳಿಯಿಂದಲೇ ಆದ ಲವಣ, ವಿಷವಲ್ಲ. ಆದರೆ ಜೆಲ್ಲಿಯಲ್ಲಿ ಸಿಕ್ಕರೆ ಹಲ್ಲಿಗೆ ಕರಕರ ಎನ್ನುತ್ತವೆ. ತಳ ಕಲಕದಂತೆ ಮೇಲಿನ ರಸವನ್ನಷ್ಟೇ ಬಗ್ಗಿಸಿಕೊಳ್ಳಿ.

ಒಂದು ಲೋಟ ರಸಕ್ಕೆ ಮುಕ್ಕಾಲು ಲೋಟ ಸಕ್ಕರೆ. ಅಷ್ಟೂ ರಸಕ್ಕೆ ಒಂದು ನಿಂಬೆಹಣ್ಣು. ಸಕ್ಕರೆ ಇನ್ನೂ ಇಳಿಸೋಣವೇ ಎಂದು ಕೇಳುತ್ತೀರಿ, ಅಲ್ವಾ? ಇಳಿಸಿದರೆ ಕಟ್ಟುವುದಿಲ್ಲ. ಉರಿ ಜೋರಾಗಿರಲಿ, ಪಾತ್ರೆ ಎತ್ತರದ್ದಿರಲಿ. ನೊರೆ ಸರ್ರನೆ ಏರಿ ಉಕ್ಕುತ್ತದೆ.

ಇನ್ನು ಹದ. ಪುಸ್ತಕಗಳಲ್ಲಿ 105 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಅದು ಕಡಲತೀರದ ಲೆಕ್ಕ. ಕೊಪ್ಪಳ ಸಮುದ್ರಮಟ್ಟದಿಂದ 500 ಮೀಟರ್‌ಗೂ ಮೇಲಿದೆ, ಇಲ್ಲಿ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಥರ್ಮಾಮೀಟರ್ ಇದ್ದರೆ ಮೊದಲು ಬರೀ ನೀರು ಕುದಿಸಿ ಅಳೆಯಿರಿ, ಅದಕ್ಕೆ ನಾಲ್ಕೈದು ಡಿಗ್ರಿ ಸೇರಿಸಿ. ಇಲ್ಲದಿದ್ದರೆ ಸಣ್ಣ ತಟ್ಟೆಯೊಂದನ್ನು ಫ್ರೀಜರ್‌ನಲ್ಲಿ ತಣ್ಣಗಾಗಿಸಿ, ಅದರ ಮೇಲೆ ಒಂದು ಹನಿ ಬಿಟ್ಟು, ನಿಮಿಷದ ನಂತರ ಬೆರಳಿನಿಂದ ತಳ್ಳಿ. ಮೇಲ್ಮೈ ಸುಕ್ಕುಗಟ್ಟಿದರೆ ತಕ್ಷಣ ಇಳಿಸಿ. ಮಾರ್ಚಿನ ಸೆಕೆಯಲ್ಲಿ ಅಡುಗೆಮನೆಯ ತಟ್ಟೆಯನ್ನು ನಂಬಬೇಡಿ, ಅದೇ ಬೆಚ್ಚಗಿರುತ್ತದೆ. ಹನಿಯನ್ನು ಪರೀಕ್ಷಿಸುವಷ್ಟು ಹೊತ್ತು ಒಲೆ ಆರಿಸಿರಿ. ಹತ್ತು ನಿಮಿಷ ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ಬಿಸಿಯಿರುವಾಗಲೇ ಸುರಿಯಿರಿ. ಆಗ ಅದು ತೆಳ್ಳಗೇ ಇರುತ್ತದೆ, ಗಾಬರಿಬಿದ್ದು ಮತ್ತೆ ಕುದಿಸಬೇಡಿ. ಕಟ್ಟಲು ಒಂದು ದಿನ ಬೇಕು. ಆಮೇಲೆ ಫ್ರಿಜ್ಜು, ಒಣ ಚಮಚ. ತಿಂಗಳೊಳಗೆ ಮುಗಿಸಿ.

ಪೌಷ್ಟಿಕತೆಯ ಮಾತು ಬಂದರೆ ನಾನು ಹಣ್ಣಿನ ಪರ. ನೂರು ಗ್ರಾಂ ದ್ರಾಕ್ಷಿಯಲ್ಲಿ 70 ಕ್ಯಾಲೊರಿಯಷ್ಟು, 15ರಿಂದ 16 ಗ್ರಾಂ ಸಕ್ಕರೆ, ಜೊತೆಗೆ ಸ್ವಲ್ಪ ಪೊಟ್ಯಾಸಿಯಂ. ನಾರು ಒಂದು ಗ್ರಾಂ ಕೂಡ ಇಲ್ಲ. ಸಿ ಜೀವಸತ್ವವೂ ಅಷ್ಟಕ್ಕಷ್ಟೇ, ಅದಕ್ಕೆ ಪೇರಲವೇ ಸರಿ. ಜೆಲ್ಲಿ ಒಂದು ದೊಡ್ಡ ಚಮಚ ತಿಂದರೆ 50 ಕ್ಯಾಲೊರಿ, ಬಹುಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಹಣ್ಣು ಎಂದು ಬಡಿಸಬೇಡಿ. ಐದು ವರ್ಷದೊಳಗಿನ ಮಕ್ಕಳಿಗೆ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನಮ್ಮ ಮನೆಯಲ್ಲಿ ಬ್ರೆಡ್ಡಿಗಿಂತ ಬಿಸಿ ಸಜ್ಜೆ ರೊಟ್ಟಿ, ಬೆಣ್ಣೆ, ಮೇಲೆ ಒಂದಿಷ್ಟು ಜೆಲ್ಲಿ ಬೇಗ ಖರ್ಚಾಗುತ್ತದೆ. ಬಟ್ಟೆಯಲ್ಲಿ ಉಳಿದ ಚರಟವನ್ನು ಚೆಲ್ಲಬೇಡಿ. ಜರಡಿಯಲ್ಲಿ ಉಜ್ಜಿ ತೆಗೆದು ಚಪಾತಿ ಹಿಟ್ಟಿಗೆ ಕಲಸಿ, ನಾರೆಲ್ಲ ಉಳಿದಿರುವುದು ಅಲ್ಲೇ. ಜೆಲ್ಲಿ ಎರಡನೇ ದಿನಕ್ಕೂ ಕಟ್ಟಲಿಲ್ಲವೇ? ಎರಡು ಚಮಚವನ್ನು ತಣ್ಣೀರಿಗೆ ಬೆರೆಸಿ, ನೆನೆಸಿದ ಕಾಮಕಸ್ತೂರಿ ಬೀಜ ಹಾಕಿ ಮಧ್ಯಾಹ್ನದ ಬಿಸಿಲಲ್ಲಿ ಬಂದವರಿಗೆ ಕೊಡಿ. ಜೆಲ್ಲಿ ಮಾಡಲು ಹೋಗಿದ್ದಿರಿ ಎಂದು ಹೇಳಬೇಕಾಗಿಲ್ಲ.