ಹಳೇ ಕ್ಯಾಸೆಟ್‌ನಿಂದ ಹಿಟ್ಸ್ ಆಲ್ಬಂ: ಕಡಿಮೆ ದುಡ್ಡಲ್ಲಿ ನಾನು ಮಾಡಿದ್ದು ಹೀಗೆ

"ಈಗ ಪೆನ್‌ಡ್ರೈವ್ ಯಾರಪ್ಪ ಕೊಳ್ತಾರೆ? ಯೂಟ್ಯೂಬ್‌ಗೆ ಹಾಕಿ ಸುಮ್ನಿರು" ಎಂದು ನನಗೆ ಹೇಳದವರೇ ಇಲ್ಲ. ನಮ್ಮ ತಂಡದ ಡ್ರಮ್ಸ್‌ನವನೂ ಹೇಳಿದ್ದ. ಮೊದಲ 300 ಪೀಸ್ ಖಾಲಿಯಾದ ದಿನ ಅವನೇ ಫೋನ್ ಮಾಡಿ, "ಬೀಗರಿಗೆ ಕೊಡಬೇಕು, ಎರಡು ಎತ್ತಿಡೋ" ಎಂದ. ಎರಡಕ್ಕೂ ದುಡ್ಡು ಇಸ್ಕೊಂಡೇ ಕೊಟ್ಟೆ.

ನಮ್ಮದು ದಾವಣಗೆರೆಯ ಆರ್ಕೆಸ್ಟ್ರಾ. ಹೆಸರು ಬರೆದರೆ ಜಾಹೀರಾತು ಆಗುತ್ತೆ, ಬೇಡ. 88ರಿಂದ ಸುಮಾರು 2003ರವರೆಗೆ ಗಣಪತಿ ಪೆಂಡಾಲು, ಜಾತ್ರೆ, ಆರತಕ್ಷತೆ ಎಂದು ಹರಿಹರದಿಂದ ಹಿರಿಯೂರಿನವರೆಗೆ ಬಾರಿಸಿದ್ದೇವೆ. ಕೀಬೋರ್ಡ್ ನನ್ನದು. ಹೊಟ್ಟೆ ತುಂಬಿಸಿದ್ದು ಸಿನಿಮಾ ಹಾಡುಗಳೇ. ಆದರೆ ನಡುನಡುವೆ ನಮ್ಮದೇ ಪಾಪ್ ಹಾಡುಗಳನ್ನು ತೂರಿಸುತ್ತಿದ್ದೆವು. 91ರಿಂದ 98ರ ಒಳಗೆ ಅವುಗಳದ್ದೇ ನಾಲ್ಕು ಕ್ಯಾಸೆಟ್ ತಂದೆವು. ನಲವತ್ತರ ಹತ್ತಿರ ಹಾಡು. ಅದರಲ್ಲಿ ಹತ್ತು ಹನ್ನೆರಡು ಹಾಡು ಈ ಕಡೆಯ ಜನರ ಬಾಯಲ್ಲಿ ಇನ್ನೂ ಇವೆ. ಅವನ್ನು ಒಟ್ಟು ಮಾಡಿ ಒಂದು ಹಿಟ್ಸ್ ಆಲ್ಬಂ ಮಾಡಬೇಕು, ಪೆನ್‌ಡ್ರೈವ್‌ಗೆ ತುಂಬಿ ಅಗ್ಗದಲ್ಲಿ ಕೊಡಬೇಕು ಅನ್ನೋದು ನನ್ನ ಹುಚ್ಚು.

ಮೊದಲು ಮಾಡಿದ ತಪ್ಪು ಹೇಳಿಬಿಡ್ತೀನಿ, ಯಾಕಂದ್ರೆ ಜಾಸ್ತಿ ದುಡ್ಡು ಹೋಗಿದ್ದು ಅಲ್ಲೇ. 2019ರಲ್ಲಿ ಐದು ಹಾಡುಗಳನ್ನು ಬೆಂಗಳೂರಿನ ಸ್ಟುಡಿಯೋದಲ್ಲಿ ಹೊಸದಾಗಿ ಹಾಡಿಸಿದೆವು. ಸ್ಟುಡಿಯೋ ಬಾಡಿಗೆ, ಪ್ರೋಗ್ರಾಮಿಂಗ್ ಮಾಡಿದ ಹುಡುಗನಿಗೆ ಕೊಟ್ಟಿದ್ದು, ಬಸ್ಸು, ಲಾಡ್ಜ್, ಊಟ ಎಲ್ಲಾ ಸೇರಿ 52 ಸಾವಿರ. ನಮ್ಮ ಗಾಯಕಿ ಅಕ್ಕ ಆಗ ಅರವತ್ತರ ಹತ್ತಿರ ಇದ್ದರು, ಆದರೂ ಚೆನ್ನಾಗಿಯೇ ಹಾಡಿದರು. ಮೊದಲಿಗಿಂತ ಶ್ರುತಿ ಗಟ್ಟಿಯಾಗಿತ್ತು. ಊರಿಗೆ ಬಂದು ಹಳೇ ಕೇಳುಗರಿಗೆ ಕೇಳಿಸಿದೆ. ಮಿಲ್ಲಲ್ಲಿ ಕೆಲಸ ಮಾಡಿದ್ದ ಒಬ್ಬ ಹಿರಿಯರು ಪೂರ್ತಿ ಕೇಳಿ, "ಚೆನ್ನಾಗೈತಿ ಬಿಡು. ನಮ್ಮ ಹಾಡು ಯಾವಾಗ ಹಾಕ್ತಿ?" ಎಂದರು. ಐದೂ ಹಾಡಿಗೆ ಮಣ್ಣು ಹಾಕಿದ ಮಾತು ಅದು.

ನನಗೆ ಇದು ಗೊತ್ತಿರಬೇಕಿತ್ತು. ಅರವತ್ತು ಎಪ್ಪತ್ತರ ದಶಕದ ವಿದೇಶಿ ತಂಡಗಳ ಅಗ್ಗದ ಹಿಟ್ಸ್ ಸಿಡಿಗಳನ್ನು ನಾನೂ ಬೇಕಾದಷ್ಟು ಕೊಂಡಿದ್ದೇನೆ. ಕವರ್ ಮೇಲೆ ಹಳೇ ಫೋಟೋ, ಒಳಗೆ ಹಳೇ ಹಾಡಿನ ಹೆಸರು. ಮನೆಗೆ ತಂದು ಹಾಕಿದರೆ ಏನೋ ಬೇರೆ. ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತೆ, ಮೂಲ ಕಲಾವಿದರೇ ಮತ್ತೆ ಹಾಡಿದ್ದು ಅಂತ. ಮಾಸ್ಟರ್, ಅಂದ್ರೆ ಮೂಲ ರೆಕಾರ್ಡಿಂಗ್, ದೊಡ್ಡ ಕಂಪನಿ ಕೈಲಿ ಇರುತ್ತೆ, ಅದಕ್ಕೆ ದುಡ್ಡು ಕೊಡೋಕೆ ಆಗಲ್ಲ. ತಂಡದಲ್ಲಿ ಉಳಿದ ಒಬ್ಬಿಬ್ಬರನ್ನು ಕೂರಿಸಿ ಮತ್ತೆ ಹಾಡಿಸಿ ಅಗ್ಗದ ಡಿಸ್ಕ್ ಮಾಡ್ತಾರೆ. ಅದನ್ನು ಬೈದುಕೊಂಡ ನಾನೇ ಅದನ್ನೇ ಮಾಡಿದ್ದೆ, ಅದೂ ಕೈಯಿಂದ ದುಡ್ಡು ಹಾಕಿ! ಜನ ನೆನಪಿಟ್ಟುಕೊಂಡಿರೋದು ಆ ರೆಕಾರ್ಡಿಂಗನ್ನೇ, ತಪ್ಪುಗಳ ಸಮೇತ. ನಮ್ಮ ಒಂದು ಹಾಡಲ್ಲಿ ಎರಡನೇ ಚರಣಕ್ಕೆ ಮುಂಚೆ ಯಾರೋ ಕೆಮ್ಮಿದ್ದಾರೆ. ಹೊಸದರಲ್ಲಿ ಕೆಮ್ಮು ಯಾಕಿಲ್ಲ ಎಂದು ಕೇಳಿದವರಿದ್ದಾರೆ.

ನಮ್ಮ ಹಾಡುಗಳನ್ನು ಮೊದಲು ರೆಕಾರ್ಡ್ ಮಾಡಿದ ಸ್ಪೂಲ್ ಟೇಪ್ (ದೊಡ್ಡ ಚಕ್ರಕ್ಕೆ ಸುತ್ತಿದ ಟೇಪು) ಸಿಗಲಿಲ್ಲ. ರೆಕಾರ್ಡ್ ಮಾಡಿದ ಜಾಗದವರು ಅದರ ಮೇಲೇ ಬೇರೆಯವರದ್ದನ್ನು ತುಂಬಿಬಿಟ್ಟಿದ್ದರು. ಟೇಪಿನ ಬೆಲೆ ಹಾಗಿತ್ತು ಆಗ, ಬೈಯೋ ಹಾಗಿಲ್ಲ. ಉಳಿದಿದ್ದು ಮಾರಿದ ಕ್ಯಾಸೆಟ್‌ಗಳು ಮಾತ್ರ.

ಹುಡುಕೋಕೆ ಶುರು ಮಾಡಿದೆ. ಮಂಡಿಪೇಟೆ ಅಂಗಡಿಗಳು, ಆಟೋ ಸ್ಟ್ಯಾಂಡು, ಹೊಳಲ್ಕೆರೆ, ಜಗಳೂರು, ಚನ್ನಗಿರಿ. ಎರಡು ವರ್ಷದಲ್ಲಿ ಅರವತ್ತರ ಮೇಲೆ ಕ್ಯಾಸೆಟ್ ಬಂತು. ಕೆಲಸಕ್ಕೆ ಬಂದಿದ್ದು ಹನ್ನೊಂದು. ಅಡಿಕೆ ಮೂಟೆಯ ಜೊತೆ ಅಟ್ಟದಲ್ಲಿದ್ದವಕ್ಕೆ ಬೂಸ್ಟು, ಕೆಲವಕ್ಕೆ ಟೇಪನ್ನು ಹೆಡ್ಡಿಗೆ ಒತ್ತೋ ಪ್ಯಾಡೇ ಉದುರಿಹೋಗಿತ್ತು. ಒಂದರೊಳಗೆ ಇಲಿ ಸಂಸಾರ ಮಾಡಿತ್ತು. ಇದರಲ್ಲಿ ಕಲಿತಿದ್ದು ಏನಂದ್ರೆ, ಅಭಿಮಾನಿಗಳ ಕ್ಯಾಸೆಟ್ ನಂಬಬೇಡಿ. ಸಾವಿರ ಸಲ ಉಜ್ಜಿ ಮೇಲಿನ ಸ್ವರವೆಲ್ಲ ಹೋಗಿರುತ್ತೆ. ನನಗೆ ಸಿಕ್ಕ ಅತ್ಯುತ್ತಮ ಕ್ಯಾಸೆಟ್ ಒಬ್ಬ ಮೇಷ್ಟ್ರ ಮನೆಯದು. ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟಿದ್ದಂತೆ. "ನನಗೆ ನಿಮ್ಮ ಹಾಡು ಸೇರ್ತಿರಲಿಲ್ಲ ಸಾರ್" ಎಂದು ಮುಖಕ್ಕೇ ಹೇಳಿ ಕೊಟ್ಟರು. ಎರಡೇ ಸಲ ಓಡಿದ ಟೇಪು. ಅವರಿಗೆ ಒಂದು ಕೆಜಿ ಪೇಡ ಕೊಟ್ಟು ಬಂದೆ.

ಕ್ಯಾಸೆಟ್ ಓಡಿಸೋ ಡೆಕ್ ಹಳೇದು, ಮೂರು ಹೆಡ್ಡಿನದು, 6,500ಕ್ಕೆ. ಬೆಲ್ಟು, ಟೇಪ್ ಎಳೆಯೋ ಪಿಂಚ್ ರೋಲರ್‌ಗೆ ಮತ್ತೆ ಸಾವಿರದ ನಾನೂರೋ ಏನೋ. ಟೇಪ್ ಓದೋ ಹೆಡ್ಡು ಟೇಪಿಗೆ ಓರೆಯಾಗದೆ ಸರಿಯಾಗಿ ನಿಲ್ಲಬೇಕು, ಅದಕ್ಕೆ ಅಜಿಮತ್ ಅಂತಾರೆ, ಸ್ಕ್ರೂ ತಿರುಗಿಸಿ ಹೊಂದಿಸಬೇಕು. ಇದು ನನಗೆ ಗೊತ್ತಿತ್ತು, ಆದರೂ ಸೋಮಾರಿತನ. ಒಂದು ಕ್ಯಾಸೆಟ್‌ಗೆ ಸ್ಕ್ರೂ ತಿರುಗಿಸಿ, ಉಳಿದವನ್ನೆಲ್ಲ ಅದೇ ಸೆಟ್ಟಿಂಗಲ್ಲಿ ತಗೊಂಡೆ. ಹೆಡ್‌ಫೋನಲ್ಲಿ ಸ್ಟೀರಿಯೋ ಕೇಳಿದರೆ ಭರ್ಜರಿ. ಆಟೋದಲ್ಲಿ ಒಂದೇ ಸ್ಪೀಕರ್, ಎಡ ಬಲ ಕೂಡಿ ಮೊನೊ ಆಗುತ್ತೆ. ಅಲ್ಲಿ ಹಾಕಿದರೆ ಕಂಬಳಿ ಹೊದ್ದು ಹಾಡಿದ ಹಾಗೆ. ಮೂರು ತಿಂಗಳ ಕೆಲಸ ನೀರಿಗೆ ಹೋಯ್ತು. ಆಮೇಲೆ ಪ್ರತಿ ಕ್ಯಾಸೆಟ್‌ಗೂ, ಪ್ರತಿ ಬದಿಗೂ ಮೊನೊಗೆ ಹಾಕಿಕೊಂಡು ಸ್ಕ್ರೂ ತಿರುಗಿಸಿದೆ. ಪೂರ್ತಿ ಮತ್ತೆ ಮೊದಲಿಂದ.

ವೇಗದ್ದು ದೊಡ್ಡ ತಲೆನೋವು. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಆದರೆ ಆಗ ಕಾಪಿ ಮಾಡಿದ ಮೆಷಿನ್ ಯಾವ ಲೆಕ್ಕದಲ್ಲಿ ಓಡಿತ್ತೋ ಯಾರಿಗೆ ಗೊತ್ತು. ಟೇಪಲ್ಲಿ ಕರೆಂಟಿನ ಗುಂಯ್ ಶಬ್ದ ಇರುತ್ತಲ್ಲ, ಅದನ್ನು ಕರೆಂಟಿಗೆ ಇರಬೇಕಾದ 50 ಹರ್ಟ್ಜ್‌ಗೆ (ಸೆಕೆಂಡಿಗೆ 50 ಸಲ) ಹೊಂದಿಸಿದರೆ ವೇಗ ಸರಿಹೋಗುತ್ತೆ ಅಂತ ಓದಿದ್ದೆ. ಜಾಣತನ ಅಂತ ಅದನ್ನೇ ಮಾಡಿದೆ. ಅಕ್ಕನ ದನಿ ಹದಿನಾಲ್ಕರ ಹುಡುಗಿಯ ದನಿ ಆಯ್ತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ತೊಂಬತ್ತರ ದಶಕದಲ್ಲಿ ನಮ್ಮ ಕರೆಂಟು 50 ಹರ್ಟ್ಜ್ ಎಲ್ಲಿತ್ತು ಸ್ವಾಮಿ? ದಕ್ಷಿಣದ ಗ್ರಿಡ್ಡು (ಕರೆಂಟಿನ ಜಾಲ) 48ರ ಸುತ್ತ ಇಳಿಯೋದು ಮಾಮೂಲಿ. 48 ಇದ್ದದ್ದನ್ನು ಎಳೆದು 50 ಮಾಡಿದರೆ ಶ್ರುತಿ ಮುಕ್ಕಾಲು ಅರ್ಧಸ್ವರ ಏರುತ್ತೆ. ವಿದೇಶದವರು ಬರೆದದ್ದು ಅವರ ಕರೆಂಟಿಗೆ ಸರಿ. ಕೊನೆಗೆ ದಾರಿ ತೋರಿಸಿದ್ದು ನನ್ನ ಕೀಬೋರ್ಡೇ. ಅದರ ಟ್ಯೂನಿಂಗ್ ನಾನು ಯಾವತ್ತೂ ಮುಟ್ಟಿರಲಿಲ್ಲ, ಎಲ್ಲರೂ ಬಳಸೋ 440 ಹರ್ಟ್ಜ್ ಶ್ರುತಿಗೇ ನಿಂತಿತ್ತು. ಆ ಕೀಬೋರ್ಡ್ ಮನೆಯಲ್ಲಿ ಇನ್ನೂ ಇದೆ. ಟೇಪಿನ ಜೊತೆ ಅದನ್ನೇ ನುಡಿಸಿ ವೇಗ ಹೊಂದಿಸಿದೆ. ಕೊಳಲು ಮಾತ್ರ ಇದ್ದ ಒಂದು ಹಾಡಿಗೆ ಈ ಆಟ ನಡೆಯಲಿಲ್ಲ. ಅಲ್ಲಿ ಅಕ್ಕನನ್ನೇ ಕೂರಿಸಿ, "ಇಷ್ಟೇ ಇತ್ತಾ ಮನೆ?" ಎಂದು ಶ್ರುತಿ ಕೇಳಿ ಮಾಡಿದ್ದು.

ಟೇಪಿನ ಸೊಯ್ ಶಬ್ದ ತೆಗೆಯೋ ವಿಷಯ ಚಿಕ್ಕದಾಗಿ ಹೇಳ್ತೀನಿ. ಮೊದಲು ಪೂರ್ತಿ ತೆಗೆದೆ, ಜೊತೆಗೆ ತಾಳದ ಚಿಣ್ ಚಿಣ್ ಕೂಡ ಹೋಯ್ತು. ಆಮೇಲೆ ಆರು ಡಿಬಿಗಿಂತ (ಡೆಸಿಬೆಲ್, ಸದ್ದಿನ ಅಳತೆ) ಜಾಸ್ತಿ ಕೈ ಹಾಕಲಿಲ್ಲ. ಟೇಪ್ ಮಡಚಿ ಸದ್ದು ಬಿದ್ದುಹೋದ ಕಡೆ ಇನ್ನೊಂದು ಪ್ರತಿಯಿಂದ ಎರಡು ಮೂರು ಸೆಕೆಂಡಿನ ತೇಪೆ ಹಾಕಿದ್ದೇನೆ. ಆ ತೇಪೆ ಗೊತ್ತಾಗದ ಹಾಗೆ ಕೂರಿಸೋಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಹೇಳಲ್ಲ. ಎರಡು ವರ್ಷ ಕೂತು ಕಂಡುಕೊಂಡಿದ್ದು, ಇನ್ನೂ ನಾಲ್ಕು ತಂಡದವರು ಕೆಲಸ ಕೊಡ್ತೀನಿ ಅಂದಿದ್ದಾರೆ.

ನಡುವೆ ಬೇಡದ ಪ್ರಯೋಗಗಳೂ ಆದವು. ಟೇಪನ್ನು ಬಿಸಿ ಮಾಡಿದರೆ ಜೀವ ಬರುತ್ತೆ ಎಂದು ಯಾರೋ ಹೇಳಿದರು. ಮನೆಯವಳ ಓವನ್ನಿಗೆ ಒಂದು ಕ್ಯಾಸೆಟ್ ಇಟ್ಟೆ. ಡಬ್ಬಿ ಹಪ್ಪಳದ ಹಾಗೆ ಸೊಟ್ಟಗಾಯ್ತು, ಓವನ್ ವಾಸನೆ ಒಂದು ವಾರ. ಬಿಸಿ ಮಾಡೋದು ಅಂಟಂಟಾದ ಕೆಲವು ಜಾತಿಯ ಸ್ಪೂಲ್ ಟೇಪಿಗೆ ಮಾತ್ರ, ಕ್ಯಾಸೆಟ್‌ಗೆ ಅದರ ಅಗತ್ಯವೇ ಬರೋದು ಕಡಿಮೆ ಎಂದು ಆಮೇಲೆ ತಿಳಿಯಿತು. ಎಐ ಹಾಕಿ ಹಾಡು, ವಾದ್ಯ ಬೇರೆ ಬೇರೆ ಮಾಡಿ ನೋಡಿದೆ. ಗಿಟಾರ್, ಡ್ರಮ್ಸ್ ಇದ್ದ ಕಡೆ ಪರವಾಗಿಲ್ಲ. ಢೋಲಕ್ ಬಂದ ಕೂಡಲೇ ಅದಕ್ಕೆ ಗೊತ್ತಾಗಲ್ಲ, ಬಕೆಟ್‌ನಲ್ಲಿ ನೀರು ಕಲಕಿದ ಹಾಗೆ ಕೇಳುತ್ತೆ. ಒಂದೇ ಹಾಡಿಗೆ ಬಳಸಿದೆ. ನಮ್ಮ ಹಾಡಿನ ಕ್ಯೂಆರ್ ಕೋಡನ್ನು ಮಂಡಕ್ಕಿ ಪೊಟ್ಟಣದ ಕಾಗದದ ಮೇಲೆ ಅಚ್ಚು ಹಾಕಿಸಿದ್ದು ನನ್ನ ಮಗನ ಐಡಿಯಾ. ಎರಡು ಸಾವಿರ ಕಾಗದ. ಜನ ಮಿರ್ಚಿ ಎಣ್ಣೆ ಒರೆಸಿ ಬಿಸಾಕಿದರು. ಸ್ಕ್ಯಾನ್ ಮಾಡಿದ್ದು ಒಂಬತ್ತೋ ಹತ್ತೋ ಮಂದಿ, ಅದರಲ್ಲಿ ಒಬ್ಬ ನಾನೇ.

ಹಕ್ಕಿನ ವಿಷಯ. ಜನ ಕೇಳಿದ್ದು ನಾವು ಹಾಡುತ್ತಿದ್ದ ಸಿನಿಮಾ ಹಾಡುಗಳನ್ನೂ ಹಾಕಿ ಅಂತ. ಹಾಕಲಿಲ್ಲ. ಕಾಪಿರೈಟ್ ಕಾಯ್ದೆಯ 31ಸಿ ಪ್ರಕಾರ ಕವರ್ ಹಾಡು (ಬೇರೆಯವರ ಹಾಡನ್ನು ನಾವು ಹಾಡಿದ್ದು) ತರೋಕೆ ಪ್ರತಿ ಹಾಡಿಗೂ ವರ್ಷಕ್ಕೆ ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ ಮುಂಗಡ ರಾಯಲ್ಟಿ ಕಟ್ಟಬೇಕು. ನಾನು ಮಾಡ್ತಿರೋದು 300 ಪೀಸು. ನಮ್ಮ ಸ್ವಂತ ಹಾಡುಗಳಿಗೆ ಆಗ ದುಡ್ಡು ಹಾಕಿದ್ದು ನಾವೇ, ಸ್ಟುಡಿಯೋ ರಸೀದಿ ಟ್ರಂಕಿನಲ್ಲಿ ಸಿಕ್ಕಿತು. ಸಾಹಿತ್ಯ ಬರೆದವರು ಇಬ್ಬರು. ಒಬ್ಬರು ತೀರಿಕೊಂಡಿದ್ದಾರೆ, ಅವರ ಮಗ ಸಹಿ ಹಾಕಿಕೊಟ್ಟ. ಎರಡೂ ಮನೆಗೆ ಐದೈದು ಸಾವಿರ ಕೊಟ್ಟೆ. ಬೇಡ ಅಂದರು, ಆದರೂ ಕೊಟ್ಟೆ. ನಾಳೆ ಮಾತು ಬರಬಾರದು.

ಹಾಡುಗಳ ಸಾಲು ಜೋಡಿಸೋಕೆ ಸ್ವೀಡನ್ನಿನ ಅಬ್ಬಾ ತಂಡದ ಹಿಟ್ಸ್ ಆಲ್ಬಂ ಅಬ್ಬಾ ಗೋಲ್ಡ್ ನೋಡಿದೆ. ಅವರು ನಿಲ್ಲಿಸಿ ಹತ್ತು ವರ್ಷವಾದ ಮೇಲೆ 1992ರಲ್ಲಿ ಬಂದ ಆಲ್ಬಂ ಅದು. ಅದರಲ್ಲಿ 76ರ ಡ್ಯಾನ್ಸಿಂಗ್ ಕ್ವೀನ್ ಮೊದಲು, ಅವರಿಗೆ ಹೆಸರು ತಂದ 74ರ ವಾಟರ್‌ಲೂ ಕಟ್ಟಕಡೆಗೆ. ವರ್ಷದ ಲೆಕ್ಕ ಇಟ್ಟಿಲ್ಲ. ನಾನೂ ಹಾಗೇ ನಮ್ಮ ದೊಡ್ಡ ಹಿಟ್ ಹಾಡನ್ನು ಮೊದಲಿಗೆ ಇಟ್ಟೆ. ಎರಡು ವಾರಕ್ಕೆ ಪಿ.ಬಿ. ರಸ್ತೆಯಲ್ಲಿ ಒಬ್ಬ ಆಟೋದವನು ಅಡ್ಡ ಹಾಕಿದ. "ಅಣ್ಣಾ, ಗಾಡಿ ಸ್ಟಾರ್ಟ್ ಮಾಡಿದಾಗೆಲ್ಲ ಅದೇ ಹಾಡು. ತಲೆ ಕೆಟ್ಟೋಗೈತಿ." ನೋಡಿದರೆ ಅಗ್ಗದ ಪ್ಲೇಯರ್‌ಗಳಿಗೆ ನಿಲ್ಲಿಸಿದ ಜಾಗ ನೆನಪಿರಲ್ಲ, ಕೀ ತಿರುಗಿಸಿದರೆ ಮತ್ತೆ ಒಂದರಿಂದ ಶುರು. ದಿನಕ್ಕೆ ಮೂವತ್ತು ಸಲ ಕೇಳಿದರೆ ಯಾವ ಹಿಟ್ ಹಾಡೂ ಉಳಿಯಲ್ಲ. ಎರಡನೇ ಕಂತಿನಲ್ಲಿ ಮೊದಲ ಜಾಗಕ್ಕೆ ಹಾಡೇ ಇಲ್ಲದ, ಬರೀ ಕೀಬೋರ್ಡಿನ ಒಂದು ಸಣ್ಣ ತುಣುಕು ಹಾಕಿದೆ. ಹಿಟ್ ಹಾಡು ನಾಲ್ಕನೆಯದಾಯ್ತು. ಆಮೇಲೆ ಯಾರೂ ಅಡ್ಡ ಹಾಕಿಲ್ಲ.

ಪೆನ್‌ಡ್ರೈವ್ ಕಡೆ ಎಚ್ಚರ ಇರಲಿ. ಎಫ್‌ಎಟಿ32 (ಪೆನ್‌ಡ್ರೈವಲ್ಲಿ ಫೈಲ್ ಜೋಡಿಸೋ ಒಂದು ಪದ್ಧತಿ) ಬಿಟ್ಟು ಬೇರೆ ಫಾರ್ಮ್ಯಾಟ್ ಎಷ್ಟೋ ಟ್ರ್ಯಾಕ್ಟರ್ ಪ್ಲೇಯರಲ್ಲಿ ಓಡಲ್ಲ. ಫೈಲಿಗೆ ನಂಬರ್ ಹಾಕಿದ್ರೂ ಸಾಲದು, ಎಷ್ಟೋ ಪ್ಲೇಯರ್‌ಗಳು ಕಾಪಿ ಆದ ವರಸೆಯಲ್ಲೇ ನುಡಿಸ್ತವೆ. ಒಂದೊಂದಾಗಿ ಅದೇ ಸಾಲಲ್ಲಿ ಕಾಪಿ ಮಾಡಿ. ಕನ್ನಡದಲ್ಲಿ ಹೆಸರು ಕೊಟ್ಟರೆ ಪರದೆ ಮೇಲೆ ಬರೀ ಚೌಕ ಬರುತ್ತೆ, ಬೇಜಾರಾದ್ರೂ ಇಂಗ್ಲಿಷ್ ಅಕ್ಷರವೇ ಗತಿ. ಇನ್ನು, ಅಗ್ಗ ಸಿಗುತ್ತೆ ಅಂತ ಒಬ್ಬ ವ್ಯಾಪಾರಿಯಿಂದ 32 ಜಿಬಿ ಅಂತ ಬರೆದಿದ್ದ ಅರವತ್ತು ಪೀಸ್ ತಂದೆ. ಒಳಗೆ ಬರೆದಷ್ಟು ಜಾಗವೇ ಇಲ್ಲ, ಅರ್ಧ ಹಾಡು ಆದ ಮೇಲೆ ಖಾಲಿ. ಆರು ಸಾವಿರ ಮಣ್ಣುಪಾಲು. ಈಗ ಕಾಪಿ ಮಾಡಿ, ಮತ್ತೆ ಓದಿಸಿ ನೋಡದೆ ಒಂದೂ ಪ್ಯಾಕ್ ಮಾಡಲ್ಲ.

ಲೆಕ್ಕ ಅಂದಾಜಿಗೆ ಹೇಳ್ತೀನಿ. 8 ಜಿಬಿ ಪೀಸಿಗೆ 145, ಕಾರ್ಡು, ಡಬ್ಬಿ 18. ಕ್ಯಾಸೆಟ್ ಹುಡುಕೋಕೆ ಪೆಟ್ರೋಲ್ ಎಂಟು ಸಾವಿರ. ಡೆಕ್ಕು, ಸಾಹಿತ್ಯದವರಿಗೆ ಕೊಟ್ಟಿದ್ದು ಎಲ್ಲಾ ಸೇರಿ ಮೊದಲ 300ಕ್ಕೆ 80 ಸಾವಿರ ಆಯ್ತು. ಬೆಲೆ 299. 2024ರ ದುರ್ಗಾಂಬಿಕಾ ಜಾತ್ರೆಗೆ ಬಿಟ್ಟೆ. ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ, ಹೊರಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿರ್ತಾರೆ. ನಮ್ಮ ಹಾಡು ಕೇಳಿ ಬೆಳೆದವರು ಅವರೇ. ಓಮ್ನಿಯಲ್ಲಿ ಸ್ಪೀಕರ್ ಇಟ್ಟು ಕೆಮ್ಮು ಇರೋ ಹಾಡನ್ನೇ ಹಾಕಿದೆ. ಒಬ್ಬಾಕೆ ದೂರದಿಂದ ನಗುತ್ತಾ ಬಂದು, "ಅದೇ ಕೆಮ್ಮು ಅಲ್ವಾ?" ಎಂದು ಮೂರು ತಗೊಂಡರು. ಹೀಗೆ ಮಾರಿ ಮೊದಲ ಕಂತು ಕೈಗೆ ಕೈ ಸರಿಹೋಯ್ತು. ಗಣಪತಿ ಹಬ್ಬಕ್ಕೆ 400 ಮಾಡಿ, ಟ್ರ್ಯಾಕ್ಟರ್, ಆಟೋ ಸಾಮಾನಿನ ಅಂಗಡಿಗಳಿಗೆ ಕಮಿಷನ್ ಮೇಲೆ ಕೊಟ್ಟೆ. ಅದರಲ್ಲಿ 40 ಸಾವಿರ ಚಿಲ್ಲರೆ ಉಳಿಯಿತು. ಬೆಂಗಳೂರಿನಲ್ಲಿ ಸುರಿದ 52 ಸಾವಿರಕ್ಕೆ ಇನ್ನೂ ಸ್ವಲ್ಪ ಬಾಕಿ. ಅದು ತೀರೋವರೆಗೆ ಹಂಚಿಕೆ ಇಲ್ಲ ಅಂದಿದ್ದೇನೆ. ಡ್ರಮ್ಸ್‌ನವನು ವಾರಕ್ಕೊಮ್ಮೆ ಲೆಕ್ಕ ಕೇಳ್ತಿದ್ದಾನೆ.

ಒಂದು ಹಾಡು ಇನ್ನೂ ಸಿಕ್ಕಿಲ್ಲ. 93ರ ಕ್ಯಾಸೆಟ್, ಹಸಿರು ಕವರು, ಬಿ ಬದಿಯ ಮೂರನೆಯದು. ನನಗೆ ಬಂದ ಮೂರೂ ಪ್ರತಿಯಲ್ಲಿ ಅದೇ ಜಾಗದಲ್ಲಿ ಟೇಪ್ ಸುಕ್ಕಾಗಿದೆ. ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಹಾಕಿ ನೋಡೋಕೆ ಹೋಗಬೇಡಿ. ಪೆನ್ಸಿಲ್ಲಿಂದಲೂ ತಿರುಗಿಸಬೇಡಿ. ಹಾಗೇ ತಂದುಕೊಡಿ, ಪೇಡ ನನ್ನದು.